ಹೊರಗುತ್ತಿಗೆ ಯಾವಾಗ ಕಾನೂನುಬಾಹಿರ? ಕ್ವಾಂಟಾಸ್ ಪ್ರಕರಣದ ಕುರಿತು

ಪ್ರಶ್ನೆ:
ಆಸ್ಟ್ರೇಲಿಯಾದ ಕ್ವಾಂಟಾಸ್ ವಿಮಾನಯಾನ ಸಂಸ್ಥೆಯು 2020ರಲ್ಲಿ, ಕೋವಿಡ್‌ನಿಂದಾಗಿ ಹಾರಾಟ ಬಹುತೇಕ ನಿಂತಿದ್ದ ಕಾಲದಲ್ಲಿ, ಹತ್ತು ವಿಮಾನ ನಿಲ್ದಾಣಗಳಲ್ಲಿ ಸಾಮಾನು ಏರಿಸಿ ಇಳಿಸುವುದೇ ಮೊದಲಾದ ಕೆಲಸಗಳನ್ನು ಗುತ್ತಿಗೆ ಕಂಪನಿಗಳಿಗೆ ವಹಿಸಿತು. ಇದರಿಂದ 1,800ಕ್ಕೂ ಹೆಚ್ಚು ನೌಕರರು ಕೆಲಸ ಕಳೆದುಕೊಂಡರು. ಖರ್ಚು ಕಡಿಮೆ ಮಾಡಲು ಹೊರಗುತ್ತಿಗೆಗೆ ಕೊಡುವುದು ಅಲ್ಲಿಯೂ ತಪ್ಪಲ್ಲ ಎಂದು ತಿಳಿದಿದ್ದೇನೆ. ಹಾಗಿದ್ದರೂ ನ್ಯಾಯಾಲಯ ಅದನ್ನು ಕಾನೂನುಬಾಹಿರ ಎಂದದ್ದು ಯಾವ ಆಧಾರದ ಮೇಲೆ? ಅಷ್ಟು ದೊಡ್ಡ ಕಂಪನಿಯ ಮನಸ್ಸಿನಲ್ಲಿದ್ದ ಉದ್ದೇಶವನ್ನು ಕಾರ್ಮಿಕರು ಸಾಬೀತುಪಡಿಸಿದ್ದಾದರೂ ಹೇಗೆ?

ಮೊದಲ ಉತ್ತರ:
ಕಾರ್ಮಿಕರು ಅದನ್ನು ಸಾಬೀತುಪಡಿಸಬೇಕಾಗಿಯೇ ಇರಲಿಲ್ಲ. ಪ್ರಕರಣದ ತಿರುಳು ಅಲ್ಲಿದೆ. 2009ರ ಫೇರ್ ವರ್ಕ್ ಕಾಯ್ದೆಯ ಪ್ರಕಾರ, ನೌಕರರು ತಮ್ಮ ಹಕ್ಕು ಚಲಾಯಿಸದಂತೆ ತಡೆಯುವ ಸಲುವಾಗಿ ಅವರಿಗೆ ಹಾನಿಯಾಗುವ ಕ್ರಮ ಕೈಗೊಳ್ಳುವಂತಿಲ್ಲ. ಅಂಥ ಆರೋಪ ಬಂದರೆ, ತನ್ನ ನಿರ್ಧಾರಕ್ಕೆ ಆ ಕಾರಣ ಇರಲಿಲ್ಲವೆಂದು ತೋರಿಸುವ ಹೊಣೆಯನ್ನು ಕಾಯ್ದೆಯ 361ನೇ ಸೆಕ್ಷನ್ ಉದ್ಯೋಗದಾತರ ಮೇಲೆಯೇ ಹೊರಿಸುತ್ತದೆ. ಸಾರಿಗೆ ಕಾರ್ಮಿಕರ ಸಂಘ ಹೂಡಿದ ದಾವೆಯಲ್ಲಿ ಫೆಡರಲ್ ನ್ಯಾಯಾಲಯವು ಕಂಪನಿಗೆ ವಾಣಿಜ್ಯ ಕಾರಣಗಳಿದ್ದುದನ್ನು ಒಪ್ಪಿತು. ಆದರೆ 2021ರಲ್ಲಿ ಹೊಸ ಒಪ್ಪಂದಕ್ಕಾಗಿ ಮಾತುಕತೆ ನಡೆಯುವಾಗ ನೌಕರರು ಕಾನೂನುಬದ್ಧವಾಗಿ ಮುಷ್ಕರ ಹೂಡಬಹುದೆಂಬ ಆತಂಕವೂ ಆ ನಿರ್ಧಾರದಲ್ಲಿ ಸೇರಿರಲಿಲ್ಲವೆಂದು ತೋರಿಸಲು ಕಂಪನಿಗೆ ಆಗಲಿಲ್ಲ. ಇತರ ಕಾರಣಗಳೊಡನೆ ಇಂಥದೊಂದು ಪ್ರಮುಖ ಕಾರಣ ಸೇರಿದ್ದರೂ ಕ್ರಮ ಕಾನೂನುಬಾಹಿರವಾಗುತ್ತದೆ.

ನಿರ್ಧಾರ ಕೈಗೊಂಡಾಗ ಮುಷ್ಕರದ ಹಕ್ಕು ಇನ್ನೂ ಹುಟ್ಟಿಯೇ ಇರಲಿಲ್ಲ ಎಂದು ಕಂಪನಿ ಮೇಲ್ಮನವಿಯಲ್ಲಿ ವಾದಿಸಿತು. ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಈ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಮಹತ್ವದ್ದೆನಿಸುವುದು ಇದೇ, ಏಕೆಂದರೆ ಹಕ್ಕು ಕೈಗೆ ಬರುವ ಮೊದಲೇ ನೌಕರರನ್ನು ಹೊರಹಾಕಿ ಪಾರಾಗುವ ದಾರಿ ಇದರಿಂದ ಮುಚ್ಚಿತು.

ಎರಡನೆಯ ಉತ್ತರ:
ಮೇಲಿನ ವಿವರಣೆ ಸರಿಯಾಗಿದೆ. ಆದರೆ ನೌಕರರ ಕೈಗೆ ಸಿಕ್ಕಿದ್ದೇನು ಎಂಬುದನ್ನೂ ನೋಡಬೇಕು. ಮೊದಲ ತೀರ್ಪು 2021ರ ಜುಲೈನಲ್ಲಿ ಬಂದರೂ, ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂಬ ಬೇಡಿಕೆಯನ್ನು ನ್ಯಾಯಾಲಯ ಅದೇ ವರ್ಷದ ಕೊನೆಗೆ ನಿರಾಕರಿಸಿತು. 12 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರಕ್ಕೆ ಒಪ್ಪಂದವಾದದ್ದು 2024ರ ಡಿಸೆಂಬರ್‌ನಲ್ಲಿ. ಅದಕ್ಕೆ ಮುಂಚೆ ನ್ಯಾಯಾಧೀಶರು, ಕಂಪನಿಯು ಹೇಗಿದ್ದರೂ ಒಂದು ವರ್ಷದೊಳಗೆ ಕಾನೂನುಬದ್ಧವಾಗಿಯೇ ಈ ಕೆಲಸಗಳನ್ನು ಹೊರಗುತ್ತಿಗೆಗೆ ಕೊಡುತ್ತಿತ್ತು ಎಂದು ತೀರ್ಮಾನಿಸಿದ್ದರಿಂದ, ವೇತನ ನಷ್ಟದ ಲೆಕ್ಕವೂ ಆ ಅವಧಿಗೆ ಸೀಮಿತವಾಯಿತು. ಕೆಲಸವೇ ಹಿಂದಿರುಗದ ಗೆಲುವನ್ನು ಪೂರ್ಣ ನ್ಯಾಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪರಿಹಾರವಲ್ಲದೆ ಪ್ರತ್ಯೇಕ ದಂಡವನ್ನೂ ವಿಧಿಸಲಾಯಿತೇ? ಅದು ಸರ್ಕಾರದ ಬೊಕ್ಕಸಕ್ಕೆ ಹೋಯಿತೇ?

ಮೂರನೆಯ ಉತ್ತರ:
ಹೌದು, 2025ರ ಆಗಸ್ಟ್‌ನಲ್ಲಿ 9 ಕೋಟಿ ಡಾಲರ್ ದಂಡ ವಿಧಿಸಲಾಯಿತು. ಗರಿಷ್ಠ ಮಿತಿ ಸುಮಾರು 12.1 ಕೋಟಿ ಡಾಲರ್ ಇತ್ತು. ವಿಧಿಸಿದ ದಂಡದಲ್ಲಿ 5 ಕೋಟಿಯನ್ನು ನೇರವಾಗಿ ಸಂಘಕ್ಕೇ ಕೊಡುವಂತೆ ನ್ಯಾಯಾಲಯ ಆದೇಶಿಸಿತು. ಇದು ಸರಿಯೆಂದೇ ನನ್ನ ಅಭಿಪ್ರಾಯ. ದಾವೆ ಹೂಡಿ ಕೊನೆಯವರೆಗೂ ನಡೆಸಿದ್ದು ಸರ್ಕಾರಿ ಸಂಸ್ಥೆಯಲ್ಲ, ಸಂಘ. ಒಬ್ಬೊಬ್ಬ ನೌಕರನಿಗೂ ಇಷ್ಟು ವರ್ಷ ವಕೀಲರ ಶುಲ್ಕ ಭರಿಸುವ ಶಕ್ತಿ ಇರುವುದಿಲ್ಲ. ದಂಡದ ಹಣ ಹೋರಾಡಿದವರಿಗೆ ತಲುಪಿದರೆ, ಮುಂದಿನ ಪ್ರಕರಣವನ್ನು ಕೈಗೆತ್ತಿಕೊಳ್ಳುವ ಬಲ ಅವರಲ್ಲಿ ಉಳಿಯುತ್ತದೆ.