430 ಹಾರ್ಸ್‌ಪವರ್‌ನ ಹಳೇ ಡಾಟ್ಸನ್ ತಗೊಳ್ಲಾ, ಬೇಡ್ವಾ? ಓದುಗರ ಸ್ಪಂದನ

ಹೋದ ಸಲದ ಸಮಸ್ಯೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರೋ 46 ವರ್ಷದ ಓದುಗರು, ಊರು ಮೈಸೂರು. 1972ರ ಡಾಟ್ಸನ್ 240ಝಡ್ (ನಿಸ್ಸಾನ್ ಕಂಪನಿ ಡಾಟ್ಸನ್ ಹೆಸರಲ್ಲಿ ಮಾರ್ತಿದ್ದ ಸ್ಪೋರ್ಟ್ಸ್ ಕಾರು) ಒಂದು ನೋಡಿದ್ದಾರೆ. ಅದರ ಸ್ವಂತ ಇಂಜಿನ್ ತೆಗೆದು ಶೆವರ್ಲೆಯ 5.7 ಲೀಟರಿನ, ಎಂಟು ಸಿಲಿಂಡರಿನ ಎಲ್ಎಸ್1 ವಿ8 ಇಂಜಿನ್, ಆರು ಗೇರಿನ ಬಾಕ್ಸ್ ಕೂರಿಸಿದ್ದಾರೆ. ಮಾರೋರು ಹೇಳೋ ಪವರ್ 430, ಕೇಳ್ತಿರೋ ಬೆಲೆ 58,000 ಡಾಲರ್. ಹೆಂಡತಿಗೆ ಇಷ್ಟ ಇಲ್ಲ, ಮಗಳು ಎರಡು ವರ್ಷದಲ್ಲಿ ಕಾಲೇಜಿಗೆ ಹೋಗ್ತಾಳೆ. ರಿಟೈರ್ ಆದ್ಮೇಲೆ ಗಾಡೀನ ಮೈಸೂರಿಗೆ ತರೋ ಆಸೆ ಬೇರೆ.

ಸ್ಯಾಕ್ರಮೆಂಟೋದಿಂದ

ಸಾರ್ ನಿಮ್ಮ ಪತ್ರ ಓದಿದ ಕೂಡ್ಲೇ ಬರೀಬೇಕು ಅನ್ನಿಸ್ತು, ಯಾಕಂದ್ರೆ ಹೆಚ್ಚುಕಮ್ಮಿ ಇದೇ ಗಾಡಿ ನನ್ ಹತ್ರ ನಾಲ್ಕು ವರ್ಷ ಇತ್ತು, 1971ರದ್ದು, ಅದೇ ಎಲ್ಎಸ್1, ಅದೇ ಆರು ಗೇರು. ನಾನು 38,000 ಕೊಟ್ಟು ತಗೊಂಡೆ, ಮೊದಲ ಎರಡು ವರ್ಷದಲ್ಲೇ ಇನ್ನೂ 17,000 ಸುರಿದೆ, ಅದೂ ಹೊಸದೇನೂ ಹಾಕಿಸೋಕಲ್ಲ, ಹಿಂದಿನವರು ಮಾಡಿದ್ದನ್ನ ಬಿಚ್ಚಿ ಸರಿ ಮಾಡಿಸೋಕೆ.

240ಝಡ್ ಫ್ಯಾಕ್ಟರಿಯಿಂದ ಬಂದಾಗ 2.4 ಲೀಟರ್ ಆರು ಸಿಲಿಂಡರ್, ಜಾಹೀರಾತಿನ ಲೆಕ್ಕದಲ್ಲಿ 151 ಹಾರ್ಸ್‌ಪವರ್, ಗಾಡಿ ತೂಕ ಸುಮಾರು 1,050 ಕೆಜಿ. ಲಾರಿ ಜೀಪಿನ ಥರ ಪ್ರತ್ಯೇಕ ಚಾಸಿ ಇಲ್ಲ, ಬಾಡಿನೇ ಚಾಸಿ, ತಳದಲ್ಲಿ ತೆಳು ತಗಡಿನ ಎರಡು ರೇಲ್ ಹೋಗುತ್ತೆ ಅಷ್ಟೆ. ಆ ರೇಲ್ ತುಕ್ಕು ಹಿಡಿಯೋದು ಈ ಗಾಡಿಗೆ ಹುಟ್ಟಿನಿಂದ ಬಂದ ರೋಗ, ಬ್ಯಾಟರಿ ಕೂರಿಸೋ ಜಾಗ, ಫ್ಲೋರು, ಹಿಂದಿನ ಚಕ್ರದ ಮುಂದಿನ ಮೂಲೆ, ಎಲ್ಲಾ ಕಡೆ ಹಿಡಿಯುತ್ತೆ. ನನ್ ಗಾಡೀಲಿ ತುಕ್ಕಿನ ಮೇಲೇನೇ ಹೊಸ ತಗಡು ವೆಲ್ಡ್ ಮಾಡಿ ಕಪ್ಪು ಅಂಡರ್‌ಕೋಟ್ ಬಳಿದು ಬಿಟ್ಟಿದ್ರು, ನೋಡೋಕೆ ಹೊಸ ಗಾಡಿ ಥರ ಇತ್ತು, ಲಿಫ್ಟ್ ಮೇಲೆ ಏರಿಸಿ ಸ್ಕ್ರೂಡ್ರೈವರ್ ಒತ್ತಿದ್ರೆ ಪುಸಕ್ ಅಂತ ಒಳಗೋಯ್ತು. ಎರಡೂವರೆ ಪಟ್ಟಿಗೂ ಹೆಚ್ಚು ಪವರ್ ಹಾಕಿದ್ಮೇಲೆ ಅಷ್ಟೂ ಎಳೆತ ಆ ತಗಡಿನ ಮೇಲೇ ಬೀಳೋದು.

ಇನ್ನು ವೈರಿಂಗ್. ಹಳೇ ಝಡ್‌ನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ರಿಲೇ (ಸ್ವಿಚ್ಚಿನ ಬದಲು ಭಾರೀ ಕರೆಂಟ್ ಹೊರೋ ಪುಟ್ಟ ಡಬ್ಬಿ) ಇಲ್ದೆ ಸ್ವಿಚ್ಚಲ್ಲೇ ಹಾಯುತ್ತೆ, ಫ್ಯೂಸ್ ಬಾಕ್ಸ್ ಬಿಸಿಯಾಗಿ ಕರಗುತ್ತೆ. ನಂಗೆ ಒಂದು ರಾತ್ರಿ ಇಂಟರ್‌ಸ್ಟೇಟ್ 80ರಲ್ಲಿ ಆಬರ್ನ್ ದಾಟಿ ಇಳೀವಾಗ ಎರಡೂ ಲೈಟ್ ಒಟ್ಟಿಗೆ ಹೋಯ್ತು, ಪಕ್ಕದಲ್ಲಿ ಮಗ ಕೂತಿದ್ದ. ಆ ಹತ್ತು ಸೆಕೆಂಡ್ ಇವತ್ತೂ ಮರ್ತಿಲ್ಲ.

430 ಅಂತ ಹೇಳಿದ್ದಾರಲ್ಲ, ಅದು ಎಲ್ಲಿ ಅಳೆದಿದ್ದು ಕೇಳಿ. ಎಲ್ಎಸ್1 1997ರಲ್ಲಿ ಕಾರ್ವೆಟ್‌ನಲ್ಲಿ ಬಂದಾಗ 345 ಇತ್ತು. 430 ಆಗ್ಬೇಕಂದ್ರೆ ಕ್ಯಾಮ್‌ಶಾಫ್ಟ್ ಬದಲಾಗಿರ್ಬೇಕು, ಹೆಡ್ ಕೆಲಸ ಆಗಿರ್ಬೇಕು, ಟ್ಯೂನ್ ಮಾಡಿರ್ಬೇಕು, ಎಲ್ಲಕ್ಕೂ ಬಿಲ್ ಇರ್ಬೇಕು. ಡೈನೋ ಶೀಟ್ (ಪವರ್ ಅಳೆಯೋ ಮೆಷಿನ್ ಕೊಡೋ ರಿಪೋರ್ಟ್) ತೋರಿಸಿದ್ರೆ ಅದು ಚಕ್ರದ ಲೆಕ್ಕನಾ ಇಂಜಿನ್ ಲೆಕ್ಕನಾ ನೋಡಿ, ಎರಡಕ್ಕೂ ಸುಮಾರು 15 ಪರ್ಸೆಂಟ್ ವ್ಯತ್ಯಾಸ ಬರುತ್ತೆ. ಹಿಂದಿನ ಚಕ್ರಗಳಿಗೆ ಎಳೆತ ಹಂಚೋ ಡಿಫರೆನ್ಶಿಯಲ್ ಹಳೇ ಆರ್180 ಮಾಡೆಲ್ ಇದ್ರೆ ವಾಪಸ್ ಬನ್ನಿ, ಅದು ಈ ಟಾರ್ಕ್, ಅಂದ್ರೆ ತಿರುಗಿಸೋ ಬಲ, ತಡೆಯಲ್ಲ, ಕಡೇಪಕ್ಷ ಆರ್200 ಬೇಕು, ಜೊತೆಗೆ ಗಟ್ಟಿ ಆಕ್ಸಲ್ ಬೇಕು. ನೋಡೋಕೆ ಹೋಗೋ ದಿನ ಇಂಜಿನ್ ಸ್ಟಾರ್ಟ್ ಮಾಡಿರ್ಬೇಡಿ ಅಂತ ಮೊದ್ಲೇ ಹೇಳಿ, ತಣ್ಣಗಿರೋ ಇಂಜಿನ್ ಮೇಲೆ ಕೈ ಇಟ್ಟು ನೋಡಿ, ಆಮೇಲೆ ಸ್ಟಾರ್ಟ್ ಮಾಡಿಸಿ. ಫೈರ್‌ವಾಲ್ (ಇಂಜಿನ್‌ಗೂ ಕೂರೋ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲೆ ಎಚ್ಎಲ್ಎಸ್30 ಅಂತ ಶುರುವಾಗೋ ಚಾಸಿ ನಂಬರ್ ಕೊರೆದಿರುತ್ತೆ, ಅದು ಗಾಡಿ ಯಾರದ್ದು ಅಂತ ಹೇಳೋ ಟೈಟಲ್ ಪೇಪರ್ ಜೊತೆ ತಾಳೆ ಆಗ್ಬೇಕು.

ಈ ಗಾಡೀಲಿ ನಿಸ್ಸಾನ್‌ನವರು ಮಾಡಿದ್ದು ಅರ್ಧನೂ ಉಳ್ದಿರಲ್ಲ, ಮಿಕ್ಕಿದ್ದೆಲ್ಲ ಕಟ್ಟಿದವನ ಕೈಕೆಲಸ. ಆ ಮನುಷ್ಯ ಯಾರು, ಇನ್ನೂ ಫೋನಿಗೆ ಸಿಗ್ತಾನಾ, ಕಟ್ಟುವಾಗ ತೆಗೆದ ಫೋಟೋ ಇದ್ಯಾ, ಇದನ್ನ ಮೊದ್ಲು ಪತ್ತೆ ಮಾಡಿ. ನಂಗೆ ಮಾರಿದವರು ಅದನ್ನ ಕಟ್ಟಿದವರಲ್ಲ, ಮೂರನೇ ಓನರ್, ನಾನು ಏನ್ ಕೇಳಿದ್ರೂ ಅವರಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ.

ಹುಬ್ಬಳ್ಳಿಯಿಂದ

ತಮ್ಮಾ, ನಾ ಇಲ್ಲಿ 35 ವರ್ಷ ಗ್ಯಾರೇಜ್ ನಡಿಸೀನಿ, ಈಗ ಮಗ ನೋಡ್ಕೋತಾನ. ನಿಮ್ಮ ಡಾಟ್ಸನ್ ಗಾಡಿ ನಾ ಕಣ್ಣಿಲೆ ಕಂಡಿಲ್ಲ, ಆದ್ರ ಇಂಜಿನ್ ಬದಲ್ ಮಾಡೋ ಕೆಲಸ ಏನಂತ ಗೊತ್ತೈತಿ. ಪೆಟ್ರೋಲ್ ತುಟ್ಟಿ ಆದಾಗ ಮಂದಿ ಅಂಬಾಸಿಡರ್ ತಂದು ಮೆಟಡೋರ್ ಡೀಸೆಲ್ ಇಂಜಿನ್ ಕೂಡಿಸಿ ಕೊಡ್ರಿ ಅಂತಿದ್ರು, ನಾವೂ ಎಷ್ಟೋ ಗಾಡಿಗೆ ಕೂಡಿಸಿ ಕೊಟ್ಟೀವಿ. ಇಂಜಿನ್ ಕೂಡಸೂದು ದೊಡ್ಡ ಮಾತಲ್ರಿ, ಮೌಂಟಿಂಗ್ ವೆಲ್ಡಿಂಗ್ ಮಾಡಿ ಕುಂದರ್ಸಿದ್ರ ಕುಂತ ಬಿಡ್ತೈತಿ. ಖರೇ ತ್ರಾಸು ಆಮ್ಯಾಲ ಬರ್ತೈತಿ. ಒಂದ್ ತಿಂಗಳಿಗೆ ಮೌಂಟಿಂಗ್ ಹರೀತೈತಿ, ಆರ್ ತಿಂಗಳಿಗೆ ಹಿಂದಿನ ಆಕ್ಸಲ್‌ನ್ಯಾಗಿನ ಕ್ರೌನ್ ಪಿನಿಯನ್ ಗೇರಿನ ಹಲ್ಲು ಉದುರ್ತಾವ, ರೇಡಿಯೇಟರ್ ಸಾಲಂಗಿಲ್ಲ, ಕ್ಲಚ್ ಪ್ಲೇಟ್ ಸುಡ್ತೈತಿ. ಒಂದೊಂದ ಮುರ್ಕೋತ ಮುರ್ಕೋತ, ನಾವು ಒಂದೊಂದ ರಿಪೇರಿ ಮಾಡ್ಕೋತ ಹೋದ್ರ ಆ ಗಾಡಿ ಎರಡನೇ ವರ್ಷಕ್ಕ ಹದಕ್ಕ ಬರ್ತಿತ್ತು.

ಅದಕ್ಕ ಮಾರಾವ್ರಿಗೆ ಒಂದ ಮಾತ್ ಕೇಳ್ರಿ, ಇಂಜಿನ್ ಬದಲ್ ಮಾಡಿದ ಮ್ಯಾಲ ಗಾಡಿ ಎಷ್ಟ್ ಮೈಲ್ ಓಡೇತಿ? ಹತ್ತು ಹದಿನೈದು ಸಾವಿರ ಓಡಿದ್ರ ಮುರಿಯೂದೆಲ್ಲ ಅವ್ರ ಕೈಯಾಗ ಮುರದು ಸರಿ ಆಗಿರ್ತೈತಿ. ಮುನ್ನೂರು ಮೈಲ್ ಓಡೇತಿ, ಫುಲ್ ಹೊಸಾದ ಐತಿ ಅಂದ್ರ ಖುಷಿ ಪಡಬ್ಯಾಡ್ರಿ, ಮುರಿಯೂದೆಲ್ಲ ನಿಮ್ಮ ಕೈಯಾಗ ಮುರೀತೈತಿ. ಮತ್ತ ಬ್ರೇಕ್ ನೋಡ್ರಿ. ಇಂಜಿನ್‌ಗೆ ರೊಕ್ಕ ಸುರಿಯಾವ್ರು ಬ್ರೇಕಿಗೆ ಬಂದಾಗ ಕೈ ಬಿಗಿ ಹಿಡೀತಾರ, ಇದನ್ನ ನಾ ಎಲ್ಲಾ ವಯಸ್ಸಿನ ಮಂದ್ಯಾಗೂ ನೋಡೀನಿ. ಪೇಂಟ್ ಕೆಳಗ ಪುಟ್ಟಿ ಎಷ್ಟ್ ತುಂಬ್ಯಾರ ಅಂತ ನೋಡಾಕ ಒಂದ್ ಸಣ್ಣ ಮ್ಯಾಗ್ನೆಟ್ ಕಿಸೇದಾಗ ಇಟ್ಕೊಂಡ್ ಹೋಗ್ರಿ, ತಗಡ ಇದ್ದಲ್ಲಿ ಹಿಡೀತೈತಿ, ಪುಟ್ಟಿ ಇದ್ದಲ್ಲಿ ಜಾರ್ತೈತಿ.

ಸ್ಯಾನ್ ಹೋಸೆಯಿಂದ ಒಬ್ಬ ಓದುಗರು

ಇಲ್ಲಿ ಎಲ್ರೂ ಗಾಡಿ ಬಗ್ಗೆ ಬರೀತಾರೆ ಅಂತ ಗೊತ್ತು, ನಾನು ನಿಮ್ಮ ಮನೆಯವರ ಕಡೆಯಿಂದ ಬರೀತೀನಿ ಅಣ್ಣ. ನನ್ನ ಗಂಡನೂ ಆರು ವರ್ಷದ ಹಿಂದೆ ಇಂಥದ್ದೇ ಒಂದು ಹಳೇ ಸ್ಪೋರ್ಟ್ಸ್ ಕಾರ್ ತಂದ್ರು, ಹೇಳಿದ್ದು ತಂದಾದ್ಮೇಲೆ. ನಾನು ಮೂರು ತಿಂಗಳು ಅದರಲ್ಲಿ ಕೂರ್ಲಿಲ್ಲ. ಅವರು ನಂಗೆ ದುಡ್ಡಿನ ಸಿಟ್ಟು ಅಂದ್ಕೊಂಡಿದ್ರು, ನಂಗೆ ಇದ್ದಿದ್ದು ಭಯ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಬಾಗಿಲು ಮುಟ್ಟಿದ್ರೆ ತಗಡು ನಡುಗುತ್ತೆ, ಪಕ್ಕದ ಲೇನಲ್ಲಿ ಇವರ ಗಾಡಿಗಿಂತ ಎರಡು ಪಟ್ಟು ಎತ್ತರದ ಎಸ್‌ಯುವಿ. ಭಾನುವಾರ ಬೆಳಿಗ್ಗೆ ಹೋದ್ರೆ ಗ್ಯಾರೇಜ್ ಬಾಗಿಲ ಸದ್ದು ಕೇಳೋ ತನಕ ನಂಗೆ ಕಾಫಿ ಸೇರ್ತಿರ್ಲಿಲ್ಲ. ಇದನ್ನ ಬಾಯಿಬಿಟ್ಟು ಹೇಳೋಕೆ ನಂಗೂ ಟೈಮ್ ಬೇಕಾಯ್ತು.

ನಿಮ್ಮ ಮನೆಯವರು ಬೇಡ ಅಂತಾರೆ ಅಂತ ಬರ್ದಿದ್ದೀರಿ, ಯಾಕೆ ಬೇಡ ಅಂತ ಬರ್ದಿಲ್ಲ. ಕೂತ್ಕೊಂಡು ಕೇಳಿ. ಮಗಳ ಕಾಲೇಜಿನ ದುಡ್ಡಿನ ಚಿಂತೆ ಅಂದ್ರೆ ಆ ಅಕೌಂಟ್ ಮುಟ್ಟಲ್ಲ ಅಂತ ಬರೆದುಕೊಡಿ, ಅದರಿಂದ ತೆಗೆದೇ ಕೊಳ್ಬೇಕು ಅನ್ನೋ ಹಾಗಿದ್ರೆ ಈ ಗಾಡಿ ಈಗ ಬೇಡ, ನಾನು ಇದನ್ನ ಖಡಾಖಂಡಿತವಾಗಿ ಹೇಳ್ತೀನಿ. ಬೆಲೆ 58,000 ಆದ್ರೆ ಅಷ್ಟೇ ಅಂತ ತಿಳ್ಕೋಬೇಡಿ, ರಿಪೇರಿಗೆ ಅಂತ ಇನ್ನೊಂದು ಹತ್ತು ಹದಿನೈದು ಸಾವಿರ ಪಕ್ಕಕ್ಕಿಡೋಕೆ ಆಗುತ್ತಾ ನೋಡಿ.

ಇನ್ಶೂರೆನ್ಸ್ ಮಾತ್ರ ದಯವಿಟ್ಟು ಸರಿಯಾಗಿ ಮಾಡ್ಸಿ. ಮಾಮೂಲಿ ಪಾಲಿಸಿ ಆದ್ರೆ ಅಪಘಾತ ಆದಾಗ ಅದು ಬರೀ ಹಳೇ ಕಾರು, ಸವೆದ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ, ಹಾಕಿಸಿದ ಇಂಜಿನ್ನು ಬ್ರೇಕು ಲೆಕ್ಕಕ್ಕೇ ಬರ್ದೇ ಇರ್ಬಹುದು. ಹಳೇ ಗಾಡಿಗಳಿಗೆ ಅಂತಾನೇ ಅಗ್ರೀಡ್ ವ್ಯಾಲ್ಯೂ ಪಾಲಿಸಿ ಇರುತ್ತೆ, ಗಾಡಿ ಬೆಲೆ ಇಷ್ಟು ಅಂತ ಮೊದ್ಲೇ ಇಬ್ರೂ ಒಪ್ಪಿ ಬರ್ಕೊಳ್ಳೋದು. ಅದಕ್ಕೆ ಇಂಜಿನ್ ಬದಲಾಗಿದೆ ಅಂತ ಮುಚ್ಚುಮರೆ ಇಲ್ದೆ ಹೇಳ್ಬೇಕು, ದಿನಾ ಆಫೀಸಿಗೆ ಓಡ್ಸೋ ಹಾಗಿಲ್ಲ, ಗ್ಯಾರೇಜಲ್ಲೇ ನಿಲ್ಲಿಸ್ಬೇಕು ಅಂತೆಲ್ಲ ಷರತ್ತು ಇರುತ್ತೆ, ಓದಿ ಸೈನ್ ಮಾಡಿ.

ಕೊಳ್ಳೋ ಮುಂಚೆ ಮನೆಯವರನ್ನ ಒಂದು ರೌಂಡ್ ಕೂರಿಸ್ಕೊಂಡು ಹೋಗಿ, ಮೆಲ್ಲಗೆ ಓಡ್ಸಿ. ನಾನು ಕಡೆಗೂ ಕೂತಿದ್ದು ಹಾಫ್ ಮೂನ್ ಬೇ ಕಡೆ ಹೋಗುವಾಗ. ಈಗ ಭಾನುವಾರ ನಾನೂ ಹೋಗ್ತೀನಿ.

ಬೆಂಗಳೂರಿನಿಂದ

ಮೈಸೂರಿಗೆ ತರೋ ಆಸೆ ಬಗ್ಗೆ ಮಾತ್ರ ಹೇಳ್ತೀನಿ, ಬೇಜಾರಾಗ್ಬೇಡಿ. ನಮ್ಮಲ್ಲಿ 2021ರ ಜುಲೈನಲ್ಲಿ ವಿಂಟೇಜ್ ಗಾಡಿಗಳಿಗೆ ಕೇಂದ್ರ ಸರ್ಕಾರ ಹೊಸ ನಿಯಮ ತಂತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರ್ಬೇಕು, ನಿಮ್ಮದು ದಾಟಿದೆ. ಆದ್ರೆ ಗಾಡಿ ಮೂಲ ರೂಪದಲ್ಲೇ ಇರ್ಬೇಕು, ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರ್ಬಾರ್ದು ಅಂತ ಅದರಲ್ಲೇ ಬರ್ದಿದೆ. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಲ್ಲಿ ವಿಎ ಅಂತ ಬರುತ್ತೆ, ಅದನ್ನ ದಿನನಿತ್ಯ ಓಡ್ಸೋ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕ್ಸೋಕೆ, ರಿಪೇರಿಗೆ ಅಷ್ಟೇ. ಶೆವರ್ಲೆ ವಿ8 ಕೂತಿರೋ ಡಾಟ್ಸನ್‌ಗೆ ಆ ಬಾಗಿಲು ಮುಚ್ಚಿದ ಹಾಗೇ. ಮಾಮೂಲಿ ಗಾಡಿ ಅಂತ ನೋಡಿದ್ರೂ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಇದೆ, ಕಂಪನಿ ಕೊಟ್ಟ ಸ್ಪೆಸಿಫಿಕೇಷನ್ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಗಾಡಿಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇಲ್ಲ, ಹಾಗಾಗಿ ಅಲ್ಲಿ ಇಂಥ ಗಾಡಿ ಇಟ್ಕೊಳ್ಳೋದು ಸುಲಭ, ಅದೇ ಇಲ್ಲೂ ನಡೆಯುತ್ತೆ ಅಂದ್ಕೊಂಡು ದುಡ್ಡು ಹಾಕ್ಬೇಡಿ. ಓಡ್ಸೋದೆಲ್ಲ ಅಲ್ಲೇ ಓಡ್ಸಿ, ಬರುವಾಗ ಅಲ್ಲೇ ಮಾರಿ ಬನ್ನಿ. ಊರಿಗೆ ತರ್ಲೇಬೇಕು ಅಂದ್ರೆ ಇಂಜಿನ್ ಬದಲಾಗದ ಗಾಡಿ ಹುಡುಕಿ.

ಲಾಸ್ ಏಂಜಲೀಸ್‌ನಿಂದ

ಮೇಲಿನವರು ಹೇಳಿದ್ದಕ್ಕೆ ನಂದೂ ಒಂದು ಓಟು, ಒರಿಜಿನಲ್ ತಗೊಳ್ಳಿ. 240ಝಡ್‌ನಿಂದ ಅದರ ಎಲ್24 ಇಂಜಿನ್ ಕಿತ್ತರೆ ನಂಗೆ ಹೊಟ್ಟೆ ಉರಿಯುತ್ತೆ. ಇದೇ ಆರು ಸಿಲಿಂಡರ್ ಇಟ್ಕೊಂಡು 1970 ಮತ್ತು 71ರಲ್ಲಿ ಬಿಆರ್‌ಇ ಅನ್ನೋ ರೇಸ್ ತಂಡದ 46ನೇ ನಂಬರ್ ಗಾಡಿ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ (ಎಸ್‌ಸಿಸಿಎ) ನಡೆಸೋ ರೇಸುಗಳ ಸಿ-ಪ್ರೊಡಕ್ಷನ್ ವಿಭಾಗದಲ್ಲಿ ಚಾಂಪಿಯನ್ ಆಯ್ತು, ಓಡ್ಸಿದ್ದು ಜಾನ್ ಮಾರ್ಟನ್. ಆಫ್ರಿಕಾದ ಸಫಾರಿ ರ‍್ಯಾಲಿ 1971ರಲ್ಲಿ ಗೆದ್ದಿದ್ದು 240ಝಡ್, 1973ರಲ್ಲೂ 240ಝಡ್, ಆ ಸಲ ಸ್ಟೀರಿಂಗ್ ಹಿಡಿದಿದ್ದು ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ. ಅವರು ಆಮೇಲೂ ಗೆದ್ದು ಒಟ್ಟು ಐದು ಸಲ ಆ ರ‍್ಯಾಲಿ ಗೆದ್ರು. ಕೆಸರು, ಧೂಳು, ಸಾವಿರಾರು ಕಿಲೋಮೀಟರ್ ತಡೆದ ಇಂಜಿನ್ ಅದು, ಎರಡು ಕಾರ್ಬುರೇಟರ್ ಸರಿಯಾಗಿ ಟ್ಯೂನ್ ಆಗಿದ್ರೆ 4,000 ಆರ್‌ಪಿಎಂ ದಾಟಿದ್ಮೇಲೆ ಬರೋ ಸದ್ದು ಒಂದ್ಸಲ ಕೇಳಿ. ಪವರ್ ಸಾಲ್ದು ಅನ್ಸಿದ್ರೆ 280ಝಡ್‌ನ 2.8 ಲೀಟರ್ ಎಲ್28 ಇಂಜಿನ್ ಹಾಕ್ಬಹುದು, ಒಂದೇ ಮನೆತನದ್ದು, ಹೆಚ್ಚು ಕತ್ತರಿಸದೆ ಕೂರುತ್ತೆ, ಬಾಡಿನೂ ತಡೆಯುತ್ತೆ. ಆದ್ರೆ ಮೈಸೂರಿನ ಆಸೆ ಇದ್ರೆ ಅದೂ ಬೇಡ.

ಫೀನಿಕ್ಸ್‌ನಿಂದ

ಚಿಕ್ಕದಾಗಿ ಹೇಳ್ತೀನಿ, ಟೆಸ್ಟ್ ಡ್ರೈವ್ ಆದ್ಮೇಲೆ ಗಾಡಿ ಆಫ್ ಮಾಡಿಸ್ಬೇಡಿ, ಇಪ್ಪತ್ತು ನಿಮಿಷ ನಿಂತಲ್ಲೇ ಐಡಲ್ ಬಿಟ್ಟು ಟೆಂಪರೇಚರ್ ಮುಳ್ಳು ನೋಡ್ತಾ ಇರಿ, ಸಣ್ಣ ಮೂತಿಯೊಳಗೆ ವಿ8 ತುರುಕಿದಾಗ ಗಾಳಿ ಆಡಲ್ಲ, ಬಿಸಿ ಏರ್ತಾ ಹೋದ್ರೆ ಅಲ್ಲೇ ಗೊತ್ತಾಗುತ್ತೆ. ಟೈರ್ ಸೈಡಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಗಾಡಿ ಓಡದೆ ನಿಂತಿರೋದ್ರಿಂದ ಪಟ್ಟಿ ಹೊಸದಾಗಿ ಕಾಣುತ್ತೆ, ರಬ್ಬರ್ ಮಾತ್ರ ಕಲ್ಲಾಗಿರುತ್ತೆ, ಅಂಥ ಟೈರಲ್ಲಿ 400 ಹಾರ್ಸ್‌ಪವರ್ ಹಿಂದಿನ ಚಕ್ರಕ್ಕೆ ಹೋದ್ರೆ ಗಾಡಿ ತಿರುಗಿ ನಿಲ್ಲುತ್ತೆ. ಹೊಸ ಗಾಡಿಗಳ ಥರ ಚಕ್ರ ಜಾರದಂಗೆ ತಡೆಯೋ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲಿ ಕಾಪಾಡೋಕೆ ಬರಲ್ಲ. ತಗೊಂಡ್ರೆ ಮೊದಲ ತಿಂಗಳೇ ಸೊನೋಮಾನೋ ಲಗೂನಾ ಸೆಕಾನೋ ಯಾವುದಾದ್ರೂ ಟ್ರ್ಯಾಕಲ್ಲಿ ಒಂದು ದಿನದ ಡ್ರೈವಿಂಗ್ ಕ್ಲಾಸ್ ಮಾಡಿ, ಅದು ಹೇಗೆ ಜಾರುತ್ತೆ ಅಂತ ಅಲ್ಲಿ ಕಲೀರಿ, ಮನೆ ಮುಂದಿನ ರಸ್ತೇಲಿ ಬೇಡ.

ಹೇವರ್ಡ್‌ನಿಂದ

ನಮ್ಮನೆಯಿಂದ ಫ್ರೀಮಾಂಟ್ ಇಪ್ಪತ್ತು ನಿಮಿಷ. ನಾನು ಕೆಲಸದಲ್ಲಿ ವೆಲ್ಡರ್, ಇಪ್ಪತ್ತೆರಡು ವರ್ಷ ಆಯ್ತು. ಫೋಟೋದಲ್ಲಿ ವೆಲ್ಡಿಂಗ್ ಹೇಗಿದೆ ಅಂತ ಯಾರೂ ಹೇಳೋಕಾಗಲ್ಲ, ಹತ್ರದಿಂದ ಟಾರ್ಚ್ ಬಿಟ್ಟು ನೋಡಿದ್ರೆ ಲೋಹ ಬೆಸೆದಿದ್ಯಾ ಇಲ್ಲ ಮೇಲೆ ಅಂಟಿ ಕೂತಿದ್ಯಾ ಗೊತ್ತಾಗುತ್ತೆ. ಇಂಜಿನ್ ಮೌಂಟು, ಮುಂದಿನ ಸ್ಟ್ರಟ್ ಟವರ್ (ಸಸ್ಪೆನ್ಶನ್ನಿನ ಮೇಲ್ತುದಿ ಬಾಡಿಗೆ ಕೂರೋ ಜಾಗ), ಡಿಫರೆನ್ಶಿಯಲ್ ಹಿಡಿದಿರೋ ಕಡೆ, ಈ ಮೂರು ಜಾಗ ಸಾಕು. ಗೇರ್‌ಬಾಕ್ಸಿಂದ ಹಿಂದಕ್ಕೆ ಹೋಗೋ ಡ್ರೈವ್‌ಶಾಫ್ಟ್ ಸುತ್ತ ಸೇಫ್ಟಿ ಲೂಪ್ (ಕಬ್ಬಿಣದ ಬಳೆ) ಹಾಕಿದ್ದಾರಾ ಅದನ್ನೂ ನೋಡೋಣ, ಶಾಫ್ಟ್ ಮುರಿದ್ರೆ ಅದು ನೇರ ಸೀಟಿನ ಕಡೆಗೇ ಬರೋದು. ಮಾರೋರು ಲಿಫ್ಟ್ ಮೇಲೆ ಏರಿಸೋಕೆ ಒಪ್ತಾರಾ ಕೇಳಿ, ಒಪ್ಪದಿದ್ರೆ ಹೋಗೋದೇ ಬೇಡ. ಒಪ್ಪಿದ್ರೆ ಶನಿವಾರ ನಂಗೆ ರಜಾ, ಮನೆಯವರನ್ನೂ ಕರ್ಕೊಂಡು ಬನ್ನಿ, ಮ್ಯಾಗ್ನೆಟ್ ನಾನೇ ತರ್ತೀನಿ.