ಗೋದಲಿಗೆ ಹಸೆ ಚಿತ್ತಾರ ಬರೆದಿದ್ದು ತಪ್ಪಾ? (ಚರ್ಚೆ)

ಶರಾವತಿ ದಂಡೆ (ಸಾಗರ)
ನಮ್ಮ ಕಡೆ ಹೈಸ್ಕೂಲಿನ ಕ್ರೈಸ್ತ ಮಕ್ಕಳಿಗೆ ಅಂತ ಕಲಾ ಸ್ಪರ್ಧೆ ಆಯ್ತು. ಚಿತ್ರ, ಸಮೂಹ ಗಾಯನ, ಕಿರುನಾಟಕ, ಬೈಬಲ್ ವಾಚನ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಚಿತ್ರಕ್ಕೆ ಹೆಸರು ಕೊಟ್ಟಿದ್ದಳು. ವಿಷಯ ಕ್ರಿಸ್ತ ಜನನ. ದಪ್ಪ ಶೀಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ನೆನೆಸಿ ರುಬ್ಬಿದ ಬಿಳಿಯಲ್ಲಿ, ನಮ್ಮ ಕಡೆ ಗೋಡೆಗೆ ಬರೆಯುವ ಹಸೆ ಚಿತ್ತಾರದ ಹಾಗೆ ಗೋದಲಿ (ಕೂಸು ಯೇಸುವನ್ನು ಮಲಗಿಸಿದ ಮೇವಿನ ತೊಟ್ಟಿಯ ದೃಶ್ಯ) ಬರೆದಳು. ಸೋಗೆ ಮಾಡಿನ ಕೊಟ್ಟಿಗೆ, ಎರಡೂ ಕಡೆ ಅಡಿಕೆ ಮರ, ಮಲೆನಾಡು ಗಿಡ್ಡ ದನ, ಮರಿಯಮ್ಮನ ಗಂಡ ಜೋಸೆಫರ ತಲೆಗೆ ಹಾಳೆ ಟೋಪಿ. ಮೊದಲ ಸಲ ಹಿಟ್ಟು ಒಣಗಿ ಉದುರಿಹೋಯ್ತು. ಗೋಂದು ಕಲಸಿಕೊಂಡು ಪುಂಡಿ ನಾರಿನಲ್ಲಿ ಮತ್ತೆ ಒಂದೊಂದೇ ಗೆರೆ ಎಳೆದಳು. ಹಳದಿಗೆ ಅರಿಶಿನ. ಮೂರು ರಾತ್ರಿ ಕೂತಿದ್ದಾಳೆ. ತೀರ್ಪುಗಾರರು ಚೀಟಿಯಲ್ಲಿ ಬರೆದಿದ್ದು ಇಷ್ಟು: "ಶೈಲಿ ವಿಷಯಕ್ಕೆ ಹೊಂದಿಲ್ಲ. ಬೆತ್ಲೆಹೇಮಿನಲ್ಲಿ ಅಡಿಕೆ ಮರ ಇರಲಿಲ್ಲ."

ಇನ್ನೊಂದು ವಿಷಯ. ಶಾಲೆಯ ಗಾನವೃಂದಕ್ಕೆ ತಬಲಾ ನುಡಿಸುವ ಹುಡುಗ ಹಿಂದೂ. ಎರಡು ವರ್ಷದಿಂದ ಕ್ರಿಸ್ಮಸ್ ಹಾಡುಗಳಿಗೆಲ್ಲ ಅವನದೇ ತಬಲಾ. ಸ್ಪರ್ಧೆಯ ಫಾರ್ಮಿಗೆ ಧರ್ಮಕೇಂದ್ರದ (ಚರ್ಚಿನ) ಗುರುಗಳ ಸಹಿ ಬೇಕಿತ್ತು, ಹಾಗಾಗಿ ಅವನನ್ನು ಕೈಬಿಟ್ಟರು. ಇದು ಸರಿಯಾ? ನನಗೆ ಬಹುಮಾನ ಬೇಡ, ಉತ್ತರ ಬೇಕು.

ಉಕ್ಕಿನೂರು (ಭದ್ರಾವತಿ)
"ಬಹುಮಾನ ಬೇಡ" ಅಂದ್ರಲ್ಲ ಅಕ್ಕ, ಹಾಗಾದ್ರೆ ಮಗಳನ್ನು ಸ್ಪರ್ಧೆಗೆ ಎಂತಕ್ಕೆ ಕಳಿಸಿದ್ರಿ? ನಾನು ಬಹಳ ವರ್ಷ ಸಂಡೇ ಸ್ಕೂಲ್ ನಡೆಸಿದವನು, ಇಂಥ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತವನು. ಸಂತ ಪೌಲರೇ ಹೇಳಿದ್ದಾರೆ, ಬೈಬಲ್ಲಿನ 1 ಕೊರಿಂಥ 9:24. ಓಟದಲ್ಲಿ ಎಲ್ಲರೂ ಓಡುತ್ತಾರೆ, ಬಹುಮಾನ ಒಬ್ಬನಿಗೇ. ಸೋತಾಗ ನಿಯಮದ ಮೇಲೆ ಹಾಕಬಾರದು. ಇನ್ನು ತಬಲಾ ವಿಚಾರ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ. 1.87. ಪ್ರತಿಭಾ ಕಾರಂಜಿಯಲ್ಲಿ ಧಾರ್ಮಿಕ ಪಠಣ ಅಂತ ವಿಭಾಗವೇ ಇದೆ, ಸಂಸ್ಕೃತಕ್ಕೆ ಇದೆ, ಅರೇಬಿಕ್‌ಗೆ ಇದೆ. ಬೈಬಲ್ ಓದುವ ನಮ್ಮ ಮಕ್ಕಳು ಎಲ್ಲಿ ನಿಂತು ಓದಬೇಕು? ಅದಕ್ಕೇ ಈ ವೇದಿಕೆ.

ತುಂಗಾ ತೀರ (ತೀರ್ಥಹಳ್ಳಿ)
24ನೇ ವಾಕ್ಯ ಹೇಳಿ ನಿಲ್ಲಿಸಿಬಿಟ್ರಿ ಸರ್. 25ರಲ್ಲಿ ಅದೇ ಪೌಲರು, ಅವರು ಬಾಡಿಹೋಗುವ ಕಿರೀಟಕ್ಕೆ ಓಡುತ್ತಾರೆ, ನಾವು ಬಾಡದ ಕಿರೀಟಕ್ಕೆ ಅಂತಾರೆ. ಅಂದ್ರೆ ಟ್ರೋಫಿ ಮುಖ್ಯ ಅಲ್ಲ ಅನ್ನೋದಕ್ಕೇ ಆ ಮಾತು.

ಅಡಿಕೆ ಮರದ ಬಗ್ಗೆ ಹೇಳ್ತೀನಿ. ಬ್ರೂಗೆಲ್ ಅನ್ನೋ ಚಿತ್ರಕಾರ 1566ರಲ್ಲಿ 'ಬೆತ್ಲೆಹೇಮಿನ ಜನಗಣತಿ' ಅನ್ನೋ ಚಿತ್ರ ಬರೆದ. ತನ್ನ ನಾಡಿನ ಹಳ್ಳಿಯನ್ನೇ ಬರೆದ, ಮನೆ ಮಾಡಿನ ಮೇಲೆಲ್ಲ ಹಿಮ, ಮರಿಯಮ್ಮ ಕತ್ತೆ ಮೇಲೆ ಆ ಹಿಮದಲ್ಲೇ ಬರ್ತಾಳೆ. ಯುರೋಪಿನವರು ತಮ್ಮ ಊರಿನ ಹಿಮ ಬರೆದರೆ ಭಕ್ತಿ, ಸಾಗರದ ಹುಡುಗಿ ತಮ್ಮ ತೋಟದ ಅಡಿಕೆ ಬರೆದರೆ ತಪ್ಪು ಅನ್ನೋದು ಯಾವ ನ್ಯಾಯ? ಮಂಜೇಶ್ವರ ಗೋವಿಂದ ಪೈಗಳು ಕ್ರೈಸ್ತರಲ್ಲ, ಯೇಸುವಿನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದರು. ಅವರ ಹತ್ತಿರ ಯಾರೂ ಗುರುಗಳ ಸಹಿ ಕೇಳಲಿಲ್ಲ.

ಉಕ್ಕಿನೂರು
ಗೋವಿಂದ ಪೈಗಳು ಹಲವು ಭಾಷೆ ಬಲ್ಲ ದೊಡ್ಡ ವಿದ್ವಾಂಸರು. ಅವರು ಬರೆದಿದ್ದು ಕಾವ್ಯ, ಮಕ್ಕಳ ಸ್ಪರ್ಧೆಗಲ್ಲ. ಅವರಿಗೂ ತಬಲಾ ಹುಡುಗನಿಗೂ ಹೋಲಿಕೆ ಇಲ್ಲ.

ಚಿತ್ತಾರದ ಮನೆ (ಸೊರಬ)
"ಹಸೆ ಚಿತ್ತಾರದ ಹಾಗೆ" ಅಂತ ಬರೆದಿದ್ದೀರಲ್ಲ ಅಕ್ಕ, ನನಗೆ ಹೇಳಬೇಕಿರೋದು ಆ ಮಾತಿನ ಬಗ್ಗೆ. ನಾವು ದೀವರು ಸಮುದಾಯದವರು. ಹಸೆ ಚಿತ್ತಾರ ನಮ್ಮ ಹೆಂಗಸರು ಕೈಯಿಂದ ಕೈಗೆ ಕಲಿಸಿಕೊಂಡು ಬಂದಿದ್ದು. ಮದುವೆ ಮನೆಯ ಗೋಡೆಗೆ ಬರೀತೀವಿ, ಬರೆಯುವಾಗ ಹಾಡು ಹೇಳ್ತೀವಿ, ಅದರ ಮುಂದೆ ಮದುಮಕ್ಕಳನ್ನು ಕೂರಿಸ್ತೀವಿ. ಹಸೆ ಅಂದ್ರೆ ಮದುವೆ. ಅದನ್ನು ತಗೊಂಡು ಹುಟ್ಟಿದ ಕೂಸಿನ ಚಿತ್ರಕ್ಕೆ, ಅದೂ ಇನ್ನೊಂದು ಧರ್ಮದ ಸ್ಪರ್ಧೆಗೆ, ಅಂಕಕ್ಕೋಸ್ಕರ ಬರೆಯೋದು ನನಗೆ ಸರಿ ಕಾಣಲ್ಲ. ಹಳದಿಗೆ ಅರಿಶಿನ ಅಂತೆ. ನಮ್ಮಲ್ಲಿ ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಅಕ್ಕಿ ಹುರಿದು ಕರಿ ಮಾಡ್ತೀವಿ.

ಉಕ್ಕಿನೂರು
ನೋಡಿ, ಅವರೇ ಹೇಳ್ತಿದ್ದಾರೆ. ಶೈಲಿ ವಿಷಯಕ್ಕೆ ಹೊಂದಿಲ್ಲ ಅಂತ ತೀರ್ಪುಗಾರರು ಬರೆದಿದ್ದೂ ಇದನ್ನೇ.

ಚಿತ್ತಾರದ ಮನೆ
ನನ್ನ ಮಾತನ್ನು ಆ ಚೀಟಿಗೆ ಅಂಟಿಸಬೇಡಿ ಸರ್! ಇದು ಇನ್ನೊಬ್ಬರದು ಅಂತ ಅವರು ಬರೆದಿದ್ರೆ ನಾನು ಒಪ್ತಿದ್ದೆ. ಅವರು ಬರೆದಿದ್ದು ಹೊಂದಿಲ್ಲ ಅಂತ. ಕೆಮ್ಮಣ್ಣು, ಅಕ್ಕಿ ಹಿಟ್ಟು ದೇವರಿಗೆ ಕಡಿಮೆ ಆಯ್ತು, ಅಂಗಡಿಯ ಪೋಸ್ಟರ್ ಬಣ್ಣ ಆಗಿದ್ರೆ ಹೊಂದ್ತಿತ್ತು ಅಂತ ಅರ್ಥ ಅಲ್ವಾ ಅದು? ಆ ಮಾತು ನನಗೆ ಅಡಿಕೆ ಮರಕ್ಕಿಂತ ಹೆಚ್ಚು ನೋವು ಮಾಡಿದೆ.

ಶರಾವತಿ ದಂಡೆ
"ಅಂಕಕ್ಕೋಸ್ಕರ" ಅನ್ನಬೇಡಿ ದಯವಿಟ್ಟು. ನಮ್ಮ ಪಕ್ಕದ ಮನೆ ಅಜ್ಜಿ ದೀವರೇ. ನನ್ನ ಮಗಳು ಐದು ವರ್ಷದವಳಿದ್ದಾಗಿಂದ ಅವರ ಜಗಲಿಯಲ್ಲೇ ಬೆಳೆದವಳು. ಭೂಮಿ ಹುಣ್ಣಿಮೆ ಹಬ್ಬದ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿಯೋದು, ಗೆರೆ ಎಳೆಯೋದು ಎಲ್ಲ ಅವರೇ ಕೈ ಹಿಡಿದು ಕಲಿಸಿದ್ದು. ಗೆರೆ ನಡುಗಿದರೆ ಉಸಿರು ಬಿಟ್ಟು ಎಳಿ ಅಂತ ಹೇಳಿಕೊಡ್ತಿದ್ದರು. ಈ ಚಿತ್ರಕ್ಕೆ ಪುಂಡಿ ನಾರು ಜಜ್ಜಿ ಕುಂಚ ಕಟ್ಟಿಕೊಟ್ಟಿದ್ದೂ ಅವರೇ. ಅವಳು ಕದ್ದಿಲ್ಲ.

ಚಿತ್ತಾರದ ಮನೆ
ಕದ್ದಳು ಅಂತ ನಾನೆಲ್ಲಿ ಅಂದೆ? ಅಜ್ಜಿ ಕಲಿಸಿದ್ದು ಗೆರೆ. ಅದನ್ನು ಎಲ್ಲಿ ಬರೀಬಹುದು, ಎಲ್ಲಿ ಬರೀಬಾರದು ಅನ್ನೋದು ಒಬ್ಬ ಅಜ್ಜಿಯ ಮಾತಲ್ಲ. ಬುಟ್ಟಿಯ ಚಿತ್ತಾರ ಬೇರೆ, ಗೋಡೆಯ ಹಸೆ ಬೇರೆ. ಬುಟ್ಟಿಯಲ್ಲಿ ಬಸುರಿ ಭೂಮಿತಾಯಿಗೆ ಊಟ ಹೊತ್ತುಕೊಂಡು ಹೋಗ್ತೀವಿ.

ಗುಮಟೆ ಸದ್ದು (ಹೊಸನಗರ)
"ಬಸುರಿ ಭೂಮಿತಾಯಿ" ಅಂದ್ರಲ್ಲ, ಅಲ್ಲೇ ಉತ್ತರ ಇದೆ ನೋಡಿ. ನಾವು ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ ಮಾಡ್ತೀವಿ. ಮಾತೆ ಮರಿಯಳ ಹುಟ್ಟುಹಬ್ಬ, ಅವತ್ತೇ ಹೊಸ ತೆನೆ ಮನೆಗೆ ಬರೋದು. ಮಣ್ಣು, ತಾಯಿ, ಬೆಳೆ ಎಲ್ಲ ಒಂದೇ ಅಲ್ವಾ? ಬೈಬಲ್ಲಿನಲ್ಲೂ ಇದೆ. ಇಸ್ರಾಯೇಲರು ಹೊರಡುವಾಗ ಐಗುಪ್ತದವರಿಂದ (ಈಜಿಪ್ಟಿನವರಿಂದ) ಬೆಳ್ಳಿ ಬಂಗಾರ ಕೇಳಿ ತಂದರು, ಆಮೇಲೆ ಜನ ಕಾಣಿಕೆ ಕೊಟ್ಟ ಬಂಗಾರದಲ್ಲೇ ಬೆಚಲೇಲ ಅನ್ನೋ ಕುಶಲಕರ್ಮಿ ಅವರ ಆರಾಧನೆಯ ದೇವದರ್ಶನದ ಗುಡಾರದ ಕೆಲಸ ಮಾಡಿದ. ಇನ್ನೊಬ್ಬರ ಚಿನ್ನ ದೇವರ ಕೆಲಸಕ್ಕೆ ಬಂತು.

ಚಿತ್ತಾರದ ಮನೆ
ಹಾಗಾದ್ರೆ ನಾವು ಐಗುಪ್ತದವರಾ? ಕೇಳಿ ತಗೊಂಡು ಹೋದ ಬಂಗಾರ ವಾಪಸ್ ಬಂತಾ? ನೀವು ಕೊಟ್ಟ ಉದಾಹರಣೆಯೇ ನನ್ನ ಭಯ.

ಗುಮಟೆ ಸದ್ದು
ಛೆ, ನಾನು ಹಾಗೆ ಹೇಳಿಲ್ಲ ಬಾಯೆ.

ಉಕ್ಕಿನೂರು
ಅದೇ ಬಂಗಾರದಲ್ಲಿ ಪೂಜೆಗೆ ಕರುವನ್ನೂ ಎರಕ ಹೊಯ್ದರು, ಬೈಬಲ್ಲಿನ ವಿಮೋಚನಕಾಂಡ 32. ಕಲೆ ಅಂದ ತಕ್ಷಣ ಎಲ್ಲವೂ ಆರಾಧನೆ ಆಗಲ್ಲ. ಅದಕ್ಕೇ ತೀರ್ಪುಗಾರರು ಇರೋದು.

ತುಂಗಾ ತೀರ
ಚಿತ್ರಕಾರ ಜಾಮಿನಿ ರಾಯ್ ಬಂಗಾಳದ ಪಟಚಿತ್ರದ ಶೈಲಿಯಲ್ಲಿ ಯೇಸುವನ್ನು ಬರೆದರು. ಗೋವಾದ ಆಂಜೆಲೊ ಡ ಫೊನ್ಸೆಕಾ ಮರಿಯಮ್ಮನಿಗೆ ಸೀರೆ ಉಡಿಸಿದಾಗ ಅವರ ಊರಿನವರೇ ಅವರನ್ನು ದೂರ ಇಟ್ಟರು, ಅವರು ಪುಣೆಗೆ ಹೋಗಿ ನೆಲೆಸಿದರು. ಇವತ್ತು ಅವರ ಚಿತ್ರಗಳನ್ನು ಕ್ರೈಸ್ತ ಸಭೆಯವರೇ ಗೌರವದಿಂದ ತೋರಿಸ್ತಾರೆ. ಸಾಗರದ ಹುಡುಗಿಗೂ ಅದೇ ಆಗ್ತಿದೆ.

ಚಿತ್ತಾರದ ಮನೆ
"ಬಂಗಾಳದ ಪಟಚಿತ್ರ" ಬರೆದು ಮಾರೋರು ಇದ್ದರು, ಅದು ಅವರ ಕಸುಬು. ಹಸೆಯನ್ನು ನಮ್ಮ ಅಮ್ಮಂದಿರು ಮಾರಲಿಲ್ಲ. ಮದುವೆ ಮುಗಿದ ಮೇಲೆ ಅದು ಗೋಡೆಯಲ್ಲೇ ಮಾಸ್ತಿತ್ತು. ಈಗ ಹಸೆಯನ್ನು ಫ್ರೇಮ್ ಹಾಕಿ ಹೋಂಸ್ಟೇ ಗೋಡೆಗೆ ನೇತು ಹಾಕ್ತಾರೆ, ಕೆಳಗೆ ಬರೆದವಳ ಹೆಸರು ಇರಲ್ಲ. ನಾನು ಒಬ್ಬ ಹುಡುಗಿ ಮೇಲೆ ಸಿಟ್ಟು ಮಾಡ್ತಿಲ್ಲ. ಆ ಹುಡುಗಿ ಚಿತ್ರದ ಕೆಳಗೆ "ದೀವರ ಹಸೆ ಚಿತ್ತಾರ" ಅಂತ ಬರೆದಿದ್ದಳಾ? ಹೌದು, ಇಲ್ಲ, ಅಷ್ಟು ಹೇಳಿ.

ಶರಾವತಿ ದಂಡೆ
ಇಲ್ಲ. ಚಿತ್ರದ ಮೇಲೆ ಏನೂ ಬರೀಬಾರದು, ಹಿಂದೆ ನಂಬರ್ ಮಾತ್ರ ಅಂತ ನಿಯಮ ಇತ್ತು. ತೀರ್ಪುಗಾರರಿಗೆ ಮಗು ಯಾರದ್ದು ಅಂತ ಗೊತ್ತಾಗಬಾರದು ಅಂತ.

ಚಿತ್ತಾರದ ಮನೆ
ನಿಯಮ ಅಂದ್ರೆ ನಮ್ಮ ಹೆಸರು ಮಾತ್ರ ಬಿಟ್ಟುಹೋಗುತ್ತೆ ಯಾವಾಗಲೂ.

ಕೋರ್ಟ್ ರಸ್ತೆ (ಶಿವಮೊಗ್ಗ)
ನಿಯಮದ ಮಾತು ಬಂದಿದ್ದಕ್ಕೆ ಬರೀತಿದ್ದೀನಿ. ಸಂವಿಧಾನದ 29(1)ನೇ ವಿಧಿಯಲ್ಲಿ ತಮ್ಮದೇ ಭಾಷೆ, ಲಿಪಿ, ಸಂಸ್ಕೃತಿ ಇರುವ ಜನ ಅದನ್ನು ಕಾಪಾಡಿಕೊಳ್ಳುವ ಹಕ್ಕು ಇದೆ. 30(1)ರಲ್ಲಿ ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು. ಧರ್ಮಕೇಂದ್ರ ತನ್ನ ಮಕ್ಕಳಿಗೆ ಮಾತ್ರ ಸ್ಪರ್ಧೆ ಇಡೋದು ಅವರ ಇಷ್ಟ. ತಬಲಾ ಹುಡುಗನ ವಿಚಾರದಲ್ಲಿ ಕಾನೂನಿನ ತೊಡಕಿಲ್ಲ.

ತುಂಗಾ ತೀರ
29(1) ಹೇಳಿದ್ರಿ, ಅದು ಚಿತ್ತಾರದ ಮನೆಯವರ ವಾದಕ್ಕೂ ಬಲ ಕೊಡುತ್ತೆ ಅಂತ ಗೊತ್ತಾಯ್ತಾ? ಮತ್ತೆ 28(3)ನ್ನು ಬಿಟ್ಟಿದ್ದೀರಿ. ಶಾಲೆಯ ಧಾರ್ಮಿಕ ಕಾರ್ಯಕ್ರಮಕ್ಕೆ ಮಗುವನ್ನು ಸೇರಿಸಬೇಕಾದ್ರೆ ಪೋಷಕರ ಒಪ್ಪಿಗೆ ಬೇಕು ಅಂತ ಅಲ್ಲಿದೆ. ಹುಡುಗ ಎರಡು ವರ್ಷದಿಂದ ನುಡಿಸ್ತಿದ್ದಾನೆ, ಅಂದ್ರೆ ಅಪ್ಪ ಅಮ್ಮ ಒಪ್ಪಿರಬೇಕು, ಮತ್ತೆ ತಡೆದವರು ಯಾರು?

ಕೋರ್ಟ್ ರಸ್ತೆ
28(3) ಇರೋದು ಬಲವಂತದಿಂದ ಸೇರಿಸಬೇಡಿ ಅಂತ. ಸೇರಿಸಲೇಬೇಕು ಅಂತ ಅಲ್ಲ. ಓದಿ ಬನ್ನಿ.

ತುಂಗಾ ತೀರ
"ಓದಿ ಬನ್ನಿ" ಅಂತ ನನಗೆ ಹೇಳ್ಬೇಡಿ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೀನಿ!

ಕೋರ್ಟ್ ರಸ್ತೆ
ಕಾನೂನು ಪಾಠ ಅಲ್ವಲ್ಲ.

ಗುಮಟೆ ಸದ್ದು
ತಬಲಾ ಹುಡುಗನ ಬಗ್ಗೆ ಒಂದು ಮಾತು. ಕೇರಳದ ಶಾಲಾ ಕಲೋತ್ಸವದಲ್ಲಿ ಮಾರ್ಗಂಕಳಿ ಇದೆ. ಸಿರಿಯನ್ ಕ್ರೈಸ್ತರ ಕುಣಿತ, ನಡುವೆ ದೀಪ ಇಟ್ಟು ಸುತ್ತ ಕುಣಿಯೋದು, ಹಾಡಿನಲ್ಲಿ ಸಂತ ತೋಮರ ಕಥೆ. ಎಲ್ಲ ಧರ್ಮದ ಮಕ್ಕಳೂ ಕುಣೀತಾರೆ. ಅದರಿಂದ ಮಾರ್ಗಂಕಳಿ ಸತ್ತಿಲ್ಲ, ಬೆಳೆದಿದೆ. ಇನ್ನೊಂದು, ನಮ್ಮ ಮಕ್ಕಳು ಗುಮಟೆ ವಾದ್ಯ ಬಡಿದು ಕೊಂಕಣಿ ಹಾಡು ಹೇಳ್ತೀವಿ ಅಂದಾಗ "ಗಾಯನ ಕನ್ನಡದಲ್ಲೇ" ಅಂದರು. ಕೊಂಕಣಿ 1992ರಿಂದ ಸಂವಿಧಾನದ ಎಂಟನೇ ಅನುಸೂಚಿಯಲ್ಲಿದೆ.

ಉಕ್ಕಿನೂರು
ಕೇರಳದ ಕಲೋತ್ಸವ ಸರ್ಕಾರದ್ದು, ಇದು ಸಭೆಯದ್ದು. ಕೊಂಕಣಿ ಬಿಟ್ಟರೆ ಭದ್ರಾವತಿಯಲ್ಲಿ ನಾಳೆ ತಮಿಳು ಕೇಳ್ತಾರೆ, ನಾಡಿದ್ದು ಮಲಯಾಳ. ಕಿಟೆಲ್ ಎಲ್ಲಿಂದಲೋ ಬಂದು ಕನ್ನಡ ಕಲಿತು 1894ರಲ್ಲಿ ನಿಘಂಟು ಕೊಟ್ಟರು. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಕನ್ನಡದಲ್ಲಿ ಹಾಡೋಕೆ ಕಷ್ಟ ಏನು?

ಗುಮಟೆ ಸದ್ದು
ಕಷ್ಟ ಅಂತ ಯಾರು ಹೇಳಿದ್ರು? ಅಜ್ಜಿ ಹಾಡಿದ ಹಾಡನ್ನು ಅಜ್ಜಿ ಭಾಷೆಯಲ್ಲಿ ಹಾಡಬೇಕು ಅಂತ ಆಸೆ.

ಚಿತ್ತಾರದ ಮನೆ
ಗುಮಟೆಯವರೇ, ನಿಮ್ಮ ಅಜ್ಜಿ ಹಾಡು ನಿಮ್ಮ ಭಾಷೆಯಲ್ಲೇ ಇರಬೇಕು, ನಮ್ಮ ಅಜ್ಜಿ ಚಿತ್ತಾರ ಎಲ್ಲಿ ಬೇಕಾದ್ರೂ ಹೋಗಬಹುದಾ?

ಗುಮಟೆ ಸದ್ದು
ನನ್ನ ಹಾಡನ್ನು ನಿಮ್ಮ ಮಕ್ಕಳು ಹಾಡಿದ್ರೆ ನಾನು ಗುಮಟೆ ಬಡೀತೀನಿ, ತಡೆಯಲ್ಲ.

ಚಿತ್ತಾರದ ಮನೆ
ಹಾಡು ಮಾತ್ರ ಅಂತಾದ್ರೆ ನಾನೂ ತಡೀತಿರಲಿಲ್ಲ. ಮದುವೆ ಹಸೆ ಬರೆಯೋದು ಅಷ್ಟು ಸುಲಭದ್ದಲ್ಲ.

ಶರಾವತಿ ದಂಡೆ
ಮದುವೆ ಅಂತಾನೇ ಹೇಳ್ತಿದ್ದೀರಿ. ಯೇಸು ಮೊದಲ ಅದ್ಭುತ ಮಾಡಿದ್ದು ಕಾನಾ ಊರಿನ ಮದುವೆ ಮನೆಯಲ್ಲಿ, ಯೊವಾನ್ನ 2. ಮಗಳು ಹೇಳ್ತಿದ್ದಾಳೆ, ಮುಂದಿನ ಸಲ ಹಸೆಯಲ್ಲಿ ಅದನ್ನೇ ಬರೀತೀನಿ, ಹಸೆಮಣೆ ಮೇಲೆ ಮದುಮಕ್ಕಳು, ಪಕ್ಕದಲ್ಲಿ ಆರು ನೀರಿನ ಬಾನೆ ಅಂತ. ಆಗಲೂ ಬೇಡ ಅಂತೀರಾ?

ಚಿತ್ತಾರದ ಮನೆ
ಅದನ್ನು ಆಗ ನೋಡೋಣ. ಈ ಚಿತ್ರದಲ್ಲಿ ಎಷ್ಟು ಎಳೆ ಗೆರೆ ಎಳೆದಿದ್ದಾಳೆ?

ಶರಾವತಿ ದಂಡೆ
ಅಂಚಿಗೆ ಮೂರು. ಒಳಗಿನ ಚೌಕಕ್ಕೆ ಐದು. ಅಜ್ಜಿ ಎದುರು ಕೂತು ಎಣಿಸಿದ್ದಾರೆ.

ಚಿತ್ತಾರದ ಮನೆ
ಎಣಿಸಿದ್ದಾರೆ ಅಂದ್ರೆ ಬಲ್ಲವರು. ಆದ್ರೂ ಅರಿಶಿನ ಹಾಕಬಾರದಿತ್ತು, ಬಿಸಿಲು ಬಿದ್ದರೆ ಹೋಗುತ್ತೆ. ನಮ್ಮ ಮನೇಲಿ ಗುರಿಗೆ ಕಾಯಿ ಒಣಗಿಸಿ ಇಟ್ಟಿದ್ದೀವಿ, ಅಜ್ಜಿಗೆ ಬೇಕಿದ್ರೆ ಸೊರಬದ ಬಸ್ಸಿಗೆ ಕೊಟ್ಟು ಕಳಿಸ್ತೀನಿ. ಗೋದಲಿಗೆ ಮದುವೆ ಹಸೆ ಬರೀಬಾರದು ಅನ್ನೋ ನನ್ನ ಮಾತಲ್ಲಿ ಬದಲಾವಣೆ ಇಲ್ಲ.

ಉಕ್ಕಿನೂರು
ನನ್ನದರಲ್ಲೂ ಇಲ್ಲ. ವಿಷಯ ಕ್ರಿಸ್ತ ಜನನ ಅಂದ ಮೇಲೆ ಅಂಕ ಕೊಡೋದು ಬೈಬಲ್ಲಿನ ಲೂಕನ ಸುಸಂದೇಶ ನೋಡಿ.

ಶರಾವತಿ ದಂಡೆ
ಲೂಕನಲ್ಲಿ ಗೋದಲಿ ಇದೆ, ಅದು ಯಾವ ಮರದ್ದು ಅಂತ ಇಲ್ಲ ಅಣ್ಣ. ಇರಲಿ. ಇಷ್ಟು ಜನ ಇಷ್ಟು ಬರೆದ್ರಿ. ಆ ಹುಡುಗ ಸ್ಪರ್ಧೆ ದಿನ ನಮ್ಮ ಜೊತೆ ವ್ಯಾನಲ್ಲಿ ಬಂದಿದ್ದ. ತಬಲಾವನ್ನು ಚೀಲದಿಂದ ತೆಗೆಯದೆ ತೊಡೆ ಮೇಲೆ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ. ನಮ್ಮ ಮಕ್ಕಳು ತಾಳ ತಪ್ಪಿದಾಗ ಚೀಲದ ಮೇಲೇ ಬೆರಳಲ್ಲಿ ತಾಳ ಹಾಕ್ತಿದ್ದ. ಭಾನುವಾರ ಮತ್ತೆ ಪ್ರಾಕ್ಟೀಸಿಗೆ ಬರ್ತಾನೆ. ಅವನಿಗೆ ಏನು ಹೇಳಲಿ?

ಕೋರ್ಟ್ ರಸ್ತೆ
30(1) ಮೊದಲೇ ಹೇಳಿದ್ದೀನಲ್ಲ ಮೇಡಂ.

ಶರಾವತಿ ದಂಡೆ
ಹದಿನಾಲ್ಕು ವರ್ಷದ ಹುಡುಗ ಸರ್ ಅವನು. ಅವನ ಮುಖ ನೋಡಿ ನಾನು ಹೇಳೋಕೆ ಆಗುವ ಹಾಗೆ ಎರಡು ಮಾತು ಬರೆದುಕೊಡಿ. ಶನಿವಾರ ಸಂಜೆವರೆಗೂ ನೋಡ್ತಿರ್ತೀನಿ.