ಎಂಟು ತಿಂಗಳು ಉಯ್ಯಾಲೆ ಆಡಿಸಿದ್ರೂ ಅಕ್ಷರ ಹಾಗೇ ಇದೆ, ಏನ್ ಮಾಡೋದು? (ಓಟಿ, ಅಂದ್ರೆ ದಿನನಿತ್ಯದ ಕೆಲಸ ಕಲಿಸೋ ಆಕ್ಯುಪೇಷನಲ್ ಥೆರಪಿ ಮೇಡಂ ಜೊತೆ ಪ್ರಶ್ನೋತ್ತರ)

ಪ್ರಶ್ನೆ: ಒಬ್ಬ ಅಮ್ಮ, ತುಮಕೂರು

ನಮಸ್ತೆ ಮೇಡಂ, ಮಗನಿಗೆ 8 ವರ್ಷ, 3ನೇ ಕ್ಲಾಸು. ಓದೋದು ಚೆನ್ನಾಗೇ ಓದ್ತಾನೆ, ಏನ್ ಕೇಳಿದ್ರೂ ಬಾಯಲ್ಲಿ ಪಟಪಟ ಅಂತ ಹೇಳ್ತಾನೆ, ಬರೆಯೋಕ್ ಕೂತ್ರೆ ಮಾತ್ರ ಮುಗೀತು ಕಥೆ. ಒಂದು ಸಾಲು ಮೇಲೆ ಹೋಗತ್ತೆ ಒಂದು ಕೆಳಗೆ, ಅರ್ಧ ಗಂಟೆಗೆ ಅರ್ಧ ಪೇಜೂ ಆಗಲ್ಲ, ಮಿಸ್ಸು ದಿನಾ ಕೆಂಪು ಇಂಕಲ್ಲಿ ನೋಟ್ ಹಾಕಿ ಕಳಿಸ್ತಾರೆ. ಶರ್ಟ್ ಗುಂಡಿಗೂ ಒದ್ದಾಡ್ತಾನೆ, ಸೈಕಲ್ ಇನ್ನೂ ಬಂದಿಲ್ಲ. ಡಾಕ್ಟ್ರು ಡಿಸಿಡಿ (ಕೈಕಾಲಿನ ಹೊಂದಾಣಿಕೆ ತೊಂದರೆ) ಅಂದ್ರು. ಒಂದು ಸೆಂಟರ್‌ಗೆ ಓಟಿ ಮಾಡಿಸೋಕೆ ವಾರಕ್ಕೆ 2 ಸಲ ಕರ್ಕೊಂಡು ಹೋಗ್ತಿದೀವಿ, ಸೆಷನ್‌ಗೆ 700, ಎಂಟು ತಿಂಗಳಾಯ್ತು, ನಲವತ್ತು ಸಾವಿರ ದಾಟಿದೆ. ಅಲ್ಲಿ ಉಯ್ಯಾಲೆ ಆಡಿಸ್ತಾರೆ, ದೊಡ್ಡ ಬಾಲ್ ಮೇಲೆ ಮಲಗಿಸ್ತಾರೆ, ಕೈಗೆ ಬ್ರಷ್ ಉಜ್ಜುತಾರೆ. ಯಾವಾಗ ಬರೆಸ್ತೀರಾ ಅಂದ್ರೆ "ಸೆನ್ಸರಿ ಬೇಸ್ ಸರಿ ಹೋದ್ರೆ ಬರವಣಿಗೆ ತಾನಾಗೇ ಬರತ್ತೆ" ಅಂತಾರೆ. ಅವನಿಗೆ ಅಲ್ಲಿ ಹೋಗೋದು ಖುಷಿ, ಆದ್ರೆ ಅಕ್ಷರ ಹಾಗೇ ಇದೆ. ಬಿಡಿಸ್ಲಾ?

ಉತ್ತರ: ಓಟಿ ಮೇಡಂ

ಅಮ್ಮ, ಬೇಜಾರು ಮಾಡ್ಕೋಬೇಡಿ, ಆದ್ರೆ ನೇರವಾಗೇ ಹೇಳ್ತೀನಿ. ಬರವಣಿಗೆ ತಾನಾಗೇ ಬರಲ್ಲ. ಈಜು ಕಲಿಯೋಕೆ ನೀರಿಗೆ ಇಳೀಬೇಕು, ಬರೆಯೋಕೆ ಪೆನ್ಸಿಲ್ ಹಿಡೀಬೇಕು, ಅಷ್ಟೇ ವಿಷಯ.

ಕೈಬರಹದ ಥೆರಪಿ ಬಗ್ಗೆ ಆಗಿರೋ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2011ರಲ್ಲಿ ಬಂತು. ಅದರಲ್ಲಿ ಕಂಡಿದ್ದು ಏನಂದ್ರೆ, ಬರೆಸೋ ಅಭ್ಯಾಸ ಇಲ್ಲದ ಥೆರಪಿ ಯಾವುದೂ ಕೈಬರಹ ಸುಧಾರಿಸಲಿಲ್ಲ, ಅಭ್ಯಾಸ ಇದ್ದೂ 20 ಸೆಷನ್‌ಗಿಂತ ಕಮ್ಮಿ ಆದ್ರೆ ಅದೂ ಕೆಲಸ ಮಾಡ್ಲಿಲ್ಲ. ನಿಮ್ಮದು ಎಂಟು ತಿಂಗಳಲ್ಲಿ ಅರವತ್ತು ಸೆಷನ್ ಆಗಿದೆ ಅಂತಿಟ್ಕೊಳ್ಳಿ, ಬರೆದಿರೋ ಸೆಷನ್ ಎಷ್ಟು? ಸೊನ್ನೆ. ಅಂದ್ಮೇಲೆ ಅಕ್ಷರ ಹಾಗೇ ಇದ್ರೆ ತಪ್ಪು ಮಗೂದಲ್ಲ.

ಉಯ್ಯಾಲೆನ ಬೈತಿಲ್ಲ ನಾನು. ಸೆನ್ಸರಿ ಇಂಟಿಗ್ರೇಷನ್ (ಉಯ್ಯಾಲೆ, ಬ್ರಷ್ ಇಂಥವುಗಳಿಂದ ಇಂದ್ರಿಯಗಳನ್ನ ಪಳಗಿಸೋ ಥೆರಪಿ) ಅನ್ನೋದನ್ನ ಜೀನ್ ಏರ್ಸ್ ಅಂತ ಅಮೆರಿಕದ ಓಟಿಯೊಬ್ರು ಶುರು ಮಾಡಿದ್ದು, ನಾವೆಲ್ಲ ಕಾಲೇಜಲ್ಲಿ ಭಕ್ತಿಯಿಂದ ಓದಿದೀವಿ, ನಾನೂ ಮೊದಲ ನಾಲ್ಕೈದು ವರ್ಷ ಬರೀ ಅದನ್ನೇ ಮಾಡ್ತಿದ್ದೆ (ಆಗ ಬಂದಿದ್ದ ಅಪ್ಪ ಅಮ್ಮಂದಿರ ಹತ್ರ ಈಗ ಸಾರಿ ಕೇಳ್ಬೇಕು ಅನ್ಸತ್ತೆ). ಆದ್ರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ 4ರಿಂದ 11 ವರ್ಷದ 138 ಆಟಿಸಂ ಮಕ್ಕಳ ಮೇಲೆ ಇದೇ ಥೆರಪಿಯ 26 ವಾರದ ಟ್ರಯಲ್ ಮಾಡಿ 2022ರಲ್ಲಿ ವರದಿ ಕೊಟ್ರು, ಸಿಡುಕು ಹಠ ಇವನ್ನ ಮುಖ್ಯ ಅಳತೆಯಾಗಿ ಇಟ್ಟಿದ್ರು, ಮಾಮೂಲಿ ಚಿಕಿತ್ಸೆಗಿಂತ ಹೆಚ್ಚೇನೂ ಲಾಭ ಕಾಣಲಿಲ್ಲ. ಮನೆಯವರೇ ಇಟ್ಕೊಂಡಿದ್ದ ಚಿಕ್ಕ ಚಿಕ್ಕ ಗುರಿಗಳಲ್ಲಿ ಸುಧಾರಣೆ ಕಂಡಿತ್ತು, ಅದನ್ನೂ ಹೇಳ್ಬೇಕು. ಆದ್ರೆ ನಿಮ್ಮ ಮಗನಿಗೆ ಬೇಕಿರೋದು ಬರವಣಿಗೆ, ಗುಂಡಿ, ಸೈಕಲ್ಲು. ಡಿಸಿಡಿ ಅಂದ್ರೆ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಶಾಲೆಗೆ ಹೋಗೋ ಮಕ್ಕಳಲ್ಲಿ ನೂರಕ್ಕೆ 5-6 ಜನಕ್ಕೆ ಇರತ್ತೆ, ಬುದ್ಧಿ ಚುರುಕಾಗೇ ಇರಬಹುದು, ಕೈಕಾಲು ಹೇಳಿದ್ ಮಾತು ಕೇಳಲ್ಲ. ಇವರಿಗೆ ಆ ಕೆಲಸವನ್ನೇ ಹಿಡಿದು ಕಲಿಸೋ ವಿಧಾನಗಳಿಗೆ ಪುರಾವೆ ಗಟ್ಟಿಯಾಗಿದೆ. ಅದರಲ್ಲಿ ಒಂದು ಕೋ-ಆಪ್ ಅಂತ, ಕೆನಡಾದಲ್ಲಿ ಹೆಲೆನ್ ಪೊಲಾಟಾಯ್ಕೊ ಮತ್ತು ಏಂಜೆಲಾ ಮ್ಯಾಂಡಿಚ್ ಕಟ್ಟಿದ್ದು, ಸಾಮಾನ್ಯವಾಗಿ 10-12 ಸೆಷನ್ ಹಿಡಿಯತ್ತೆ. ನಾಲ್ಕು ಮಾತು ಅಷ್ಟೇ: ಗುರಿ, ಪ್ಲಾನ್, ಮಾಡು, ನೋಡು. ಇಲ್ಲಿ ಪ್ಲಾನ್ ಹೇಳ್ಬೇಕಾದವನು ಮಗು, ನಾವಲ್ಲ.

ಹೇಗಿರತ್ತೆ ಅಂತ ಹೇಳ್ತೀನಿ. ಒಬ್ಬ ಹುಡುಗ ಬರ್ತಿದ್ದ, ಅವನ ಸಮಸ್ಯೆ ಒತ್ತಕ್ಷರ. "ಅಮ್ಮ" ಬರೆದ್ರೆ ಕೆಳಗಿನ ಮ-ಒತ್ತು ಮೇಲಿನ ಮ ಅಷ್ಟೇ ದಪ್ಪ, ಅದು ಇಳಿದು ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ಗುದ್ದೋದು, ಆಮೇಲೆ ಆ ಸಾಲು ಜಾಗ ಇಲ್ದೆ ಬೆಟ್ಟ ಹತ್ತೋದು. ನೂರು ಸಲ "ಚಿಕ್ಕದಾಗಿ ಬರಿ" ಅಂತ ಎಲ್ರೂ ಹೇಳಿದ್ರು. ನಾನು ಪೇಜು ತಿರುಗಿಸಿಟ್ಟು "ಎಲ್ಲಿ ಗುದ್ತಾ ಇದೆ ತೋರ್ಸು" ಅಂದೆ. ಬೆರಳಿಟ್ಟು ತೋರಿಸ್ದ. "ಏನ್ ಮಾಡಿದ್ರೆ ಗುದ್ದಲ್ಲ?" ಸುಮಾರು ಹೊತ್ತು ಪೆನ್ಸಿಲ್ ಕಚ್ಕೊಂಡು ಕೂತಿದ್ದ, ಆಮೇಲೆ "ಒತ್ತಕ್ಷರ ಮರಿ ಅಲ್ವಾ ಮಿಸ್, ಮರಿ ಅರ್ಧ ಸೈಜ್ ಇರ್ಬೇಕು" ಅಂದ. ಅದೇ ಅವನ ಪ್ಲಾನ್. ಆಮೇಲೆ ಪ್ರತಿ ಸಾಲು ಬರೆದು ಅವನೇ ಚೆಕ್ ಮಾಡೋನು, ಮರಿ ದಪ್ಪ ಆಗಿದ್ರೆ ಅವನೇ ಬೈಯೋನು. ಇಂಥದ್ದು ಮಾಡೋಕೆ ಬಾಲು ಬೇಕಿಲ್ಲ.

ನೀವು ಮನೇಲಿ ದಿನಾ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಬರೆಸ್ಬೇಡಿ, ಪೇಜುಗಟ್ಟಲೆ ಕಾಪಿ ಅಂತೂ ಬೇಡವೇ ಬೇಡ. ಒಂದು ಸಾಲು ಬಿಟ್ಟು ಒಂದು ಸಾಲು ಬರೀಲಿ. ಬರೆದ ಐದು ಅಕ್ಷರದಲ್ಲಿ ಚೆನ್ನಾಗಿರೋದಕ್ಕೆ ಅವನೇ ರೌಂಡ್ ಹಾಕ್ಲಿ. ಮಿಸ್ಸಿಗೆ ಹೇಳಿ ನೋಟ್ಸ್ ಅರ್ಧ ಬರೆದ್ರೆ ಸಾಕು ಅಂತ ಮಾಡಿಸ್ಕೊಳ್ಳಿ.

ಸೆಂಟರ್ ಬಿಡೋ ಮುಂಚೆ ಒಂದು ಸಲ ಕೂತು ಮಾತಾಡಿ. ಗುರಿ ಏನು, ಇವತ್ತು ಎಲ್ಲಿದಾನೆ, ಮೂರು ತಿಂಗಳಿಗೆ ಎಲ್ಲಿರ್ಬೇಕು, ಅಳೆಯೋದು ಹೇಗೆ, ಇಷ್ಟು ಕೇಳಿ. ನಾವು ಸಿಒಪಿಎಂ ಅಂತ ಒಂದು ಅಳತೆ ಬಳಸ್ತೀವಿ, ಮಗು ಮತ್ತೆ ಮನೆಯವರು 1ರಿಂದ 10ರಲ್ಲಿ ಮಾರ್ಕ್ಸ್ ಕೊಡೋದು, ಎರಡು ಮಾರ್ಕ್ಸ್ ಏರಿದ್ರೆ ನಿಜವಾದ ಬದಲಾವಣೆ ಅಂತ ಲೆಕ್ಕ. "ಇಂಪ್ರೂವ್ ಆಗ್ತಿದಾನೆ, ನೋಡೋಣ" ಅನ್ನೋ ಉತ್ತರ ಬಂದ್ರೆ ಆಗ ಬಿಡೋದರ ಬಗ್ಗೆ ಯೋಚ್ನೆ ಮಾಡಿ. ಮೊದಲು ಅವನನ್ನೇ ಕೇಳಿ, ನಿಂಗೆ ಏನು ಕಲೀಬೇಕು ಅಂತ.

ಕಾಮೆಂಟ್: ಅಜ್ಜಿ, ಶಿವಮೊಗ್ಗ

ನಮ್ಮ ಮೊಮ್ಮಗ ಪೆನ್ಸಿಲ್ಲನ್ನ ನಾಲ್ಕು ಬೆರಳಲ್ಲಿ ಹಿಡೀತಾನೆ, ಟೀಚರ್ ಮೂರೇ ಬೆರಳು ಅಂತ ಹಟ ಹಿಡಿದಿದಾರೆ, ರಬ್ಬರ್ ಗ್ರಿಪ್ ತಂದ್ಕೊಟ್ವಿ, ಅದನ್ನ ಕಿತ್ತು ಬಿಸಾಕ್ತಾನೆ.

ಓಟಿ ಮೇಡಂ: ಅಕ್ಷರ ಓದೋಕ್ ಆಗ್ತಿದ್ಯಾ ಅಮ್ಮ? ಕೈ ನೋವು ಅಂತಾನಾ? ಓದೋಕಾಗತ್ತೆ, ನೋವಿಲ್ಲ ಅಂದ್ರೆ ಹಾಗೇ ಬಿಟ್ಬಿಡಿ. ನಾಲ್ಕನೇ ಕ್ಲಾಸ್ ಮಕ್ಕಳ ಮೇಲೆ ಕೆನಡಾದಲ್ಲಿ ನೋಡಿದಾಗ ಮೂರು ಬೆರಳಿಂದು, ನಾಲ್ಕು ಬೆರಳಿಂದು, ಹೆಬ್ಬೆರಳು ಅಡ್ಡ ಬರೋ ಎರಡು ತರದ್ದು, ಹೀಗೆ ನಾಲ್ಕು ಹಿಡಿತದಲ್ಲೂ ವೇಗ, ಅಂದ ಎರಡರಲ್ಲೂ ವ್ಯತ್ಯಾಸ ಇರ್ಲಿಲ್ಲ. ಗ್ರಿಪ್ ಬಿಸಾಕಿದ್ದು ಒಳ್ಳೇದೇ ಆಯ್ತು.

ಪ್ರಶ್ನೆ: ಒಬ್ರು ಅಪ್ಪ, ಹುಬ್ಬಳ್ಳಿ

ನಮಸ್ಕಾರ್ರೀ ಮೇಡಂ. ನನ್ನ ಮಗಳಿಗೆ 13 ವರ್ಷ, 8ನೇತ್ತಾ. ಹುಟ್ಟಿದಾಗಿಂದ ಸಿಪಿ (ಸೆರೆಬ್ರಲ್ ಪಾಲ್ಸಿ, ಮಿದುಳಿನ ತೊಂದರೆ) ಐತ್ರೀ, ಎಡಗೈ ಬಿಗಿ. ನಡೀತಾಳ, ಓಡ್ತಾಳ, ಶಾಲ್ಯಾಗ ಭಾಳ ಶ್ಯಾಣ್ಯಾಕಿ. ಸಣ್ಣಾಕಿ ಇದ್ದಾಗಿಂದ ಥೆರಪಿಗೆ ಕರ್ಕೊಂಡ್ ಹೋಗಾಕತ್ತೇವಿ, ಅವರು ಕೈ ಹಿಡ್ದು ಎಳೀತಾರ, ಬಗ್ಗಸ್ತಾರ, ಮನಿಗೆ ಕಳಸ್ತಾರ. ಈಗ ಎರಡ ತಿಂಗಳಾತು, ನಾ ಬರಂಗಿಲ್ಲ ಅಂತ ಕುಂತಾಳ, ಬೈದ್ರೂ ಕೇಳವಲ್ಲಳು. ಬಿಟ್ಟಬಿಡೂದ ಏನ್ರೀ? ಮುಂದ ಎಸ್ಸೆಸ್ಸೆಲ್ಸಿ ಬ್ಯಾರೆ ಬರ್ತೈತಿ.

ಓಟಿ ಮೇಡಂ: ಸರ್, ಬೈಬೇಡಿ, ಆಕಿ ಹೇಳ್ತಿರೋದ್ರಲ್ಲಿ ಅರ್ಥ ಇದೆ. ಬೇರೆಯವರು ಕೈ ಎಳೆದು ಬಗ್ಗಿಸಿದ್ರೆ ಆ ಕೈ ಕೆಲಸ ಕಲಿಯಲ್ಲ. ಸ್ಪ್ಲಿಂಟ್ (ಕೈಗೆ ಕಟ್ಟೋ ಆಸರೆ ಪಟ್ಟಿ) ಅಥವಾ ಇಂಜೆಕ್ಷನ್ ಬಗ್ಗೆ ಡಾಕ್ಟರ್ ಹೇಳಿದ್ದು ಇದ್ರೆ ಅದು ಬೇರೆ, ಅದನ್ನ ನಿಲ್ಲಿಸ್ಬೇಡಿ. ಒಂದು ಕಡೆ ಕೈ ವೀಕ್ ಇರೋ ಸಿಪಿಗೆ ಗಟ್ಟಿ ಪುರಾವೆ ಇರೋದು ಎರಡಕ್ಕೆ: ಒಳ್ಳೆ ಕೈಯನ್ನ ಕಟ್ಟಿ ವೀಕ್ ಕೈಯಲ್ಲೇ ಮಾಡಿಸೋದು, ಇಲ್ಲಾಂದ್ರೆ ಎರಡೂ ಕೈ ಸೇರಿಸಿ ಮಾಡೋ ಕೆಲಸವನ್ನೇ ಅಭ್ಯಾಸ ಮಾಡಿಸೋದು. ಅಷ್ಟೇ ಗಂಟೆ ಮಾಡಿದ್ರೆ ಎರಡರ ಫಲವೂ ಹೆಚ್ಚುಕಮ್ಮಿ ಒಂದೇ. 13ರ ಹುಡುಗಿಗೆ ಕೈ ಕಟ್ಟಿ ಕೂರ್ಸೋಕ್ ಹೋದ್ರೆ ನಿಮ್ಮ ಮನೇಲಿ ಯುದ್ಧ ಆಗತ್ತೆ, ಎರಡನೇದು ಹಿಡೀರಿ.

ಏನು ಅಭ್ಯಾಸ ಮಾಡ್ಬೇಕು ಅಂತ ಆಕೆಯನ್ನ ಕೇಳಿ. ನನ್ನ ಹತ್ರ ಇದೇ ವಯಸ್ಸಿನ ಒಬ್ಳು ಬರ್ತಿದ್ಳು, ಅಮ್ಮ ಬಂದು "ಫೈನ್ ಮೋಟಾರ್" (ಬೆರಳಿನ ಸೂಕ್ಷ್ಮ ಕೆಲಸ) ಅಂದ್ರು, ಹುಡುಗಿ ಸುಮ್ನೆ ಕೂತಿದ್ಳು, ಅಮ್ಮ ಹೊರಗೆ ಹೋದ್ಮೇಲೆ "ನಂಗೆ ಜಡೆ ಹಾಕ್ಕೊಳ್ಳೋದು ಬೇಕು" ಅಂದ್ಳು. ಶಾಲೆಯಲ್ಲಿ ಎರಡು ಜಡೆ ಕಡ್ಡಾಯ, ಆಟದ ಪೀರಿಯಡ್‌ನಲ್ಲಿ ಬಿಚ್ಚಿದ್ರೆ ಪ್ರತಿ ಸಲ ಗೆಳತಿ ಹತ್ರ ತಲೆ ಬಗ್ಗಿಸ್ಬೇಕು, ಆ ಅವಮಾನ. ಮೊದಲು ಕೂದಲನ್ನ ಹೆಗಲಿಂದ ಮುಂದಕ್ಕೆ ಹಾಕ್ಕೊಂಡು ಕಣ್ಣಿಗೆ ಕಾಣೋ ಹಾಗೆ ಮಾಡಿದ್ವಿ, ವೀಕ್ ಕೈಗೆ ಹಿಡ್ಕೊಳ್ಳೋ ಕೆಲಸ ಮಾತ್ರ, ಒಳ್ಳೆ ಕೈ ಹೆಣೆಯೋದು, ರಿಬ್ಬನ್ ಬದ್ಲು ರಬ್ಬರ್ ಬ್ಯಾಂಡ್. ಮೊದಲ ವಾರ ಹೆಣೆದಿದ್ದೆಲ್ಲ ಜಾರಿ ಹೋಗ್ತಿತ್ತು, ಕೂದಲು ಸ್ವಲ್ಪ ಒದ್ದೆ ಮಾಡ್ಕೊಂಡ್ರೆ ಜಾರಲ್ಲ ಅಂತ ಆಕೆನೇ ಕಂಡುಹಿಡಿದ್ಳು.

ಇನ್ನು ಗಂಟೆ ಲೆಕ್ಕ. ಇಂಥ ಒಂದು ಗುರಿ ಕೈಗೆ ಹತ್ತೋಕೆ ಸುಮಾರು 14ರಿಂದ 25 ಗಂಟೆ ಅಭ್ಯಾಸ ಬೇಕು ಅಂತ 2020ರ ಒಂದು ವಿಮರ್ಶೆ ಹೇಳತ್ತೆ, ಮನೆಯಲ್ಲಿ ಮಾಡೋದೂ ಸೇರಿ. ವಾರಕ್ಕೊಂದು 45 ನಿಮಿಷದ ಸೆಷನ್ ನಂಬ್ಕೊಂಡ್ರೆ 14 ಗಂಟೆಗೇ ಹತ್ತೊಂಬತ್ತು ವಾರ. ಜೊತೆಗೆ ಮನೇಲಿ ವಾರಕ್ಕೆ ಆರು ದಿನ 15 ನಿಮಿಷ ಸೇರಿಸಿದ್ರೆ ಆರು ವಾರ ಚಿಲ್ಲರೆಗೆ ಅಷ್ಟಾಗತ್ತೆ. ಅದಕ್ಕೇ ಗುರಿ ಆಕೆಗೆ ಬೇಕಾದ್ದೇ ಆಗಿರ್ಬೇಕು, ಇಲ್ಲಾಂದ್ರೆ ಆ 15 ನಿಮಿಷ ಯಾರು ಮಾಡ್ತಾರೆ?

ಪರೀಕ್ಷೆ ವಿಷಯ: ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲಾಂದ್ರೆ ಈಗಲೇ ಮಾಡಿಸಿ. ಬರೆಯೋಕೆ ಕಷ್ಟ ಇರೋರಿಗೆ ಗಂಟೆಗೆ 20 ನಿಮಿಷಕ್ಕೆ ಕಮ್ಮಿ ಇಲ್ಲದ ಹೆಚ್ಚುವರಿ ಟೈಮ್ ಅಂತ ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು, ಮೂರು ಗಂಟೆ ಪೇಪರ್‌ಗೆ ಒಂದು ಗಂಟೆ. 9ನೇ ಕ್ಲಾಸಲ್ಲೇ ಹೆಡ್‌ಮಾಸ್ಟರ್ ಹತ್ರ ಮಾತಾಡಿ, ಬೋರ್ಡ್‌ಗೆ ಅರ್ಜಿ ಶಾಲೆಯಿಂದಲೇ ಹೋಗ್ಬೇಕು.

ಹುಬ್ಬಳ್ಳಿ ಅಪ್ಪ: ಜಡಿ ಅಂದಿದ್ದಕ್ಕ ಆಕಿ ಮೊಬೈಲ್ ಕಸ್ಕೊಂಡು ನಿಮ್ಮ ಉತ್ತರ ಎರಡ ಸಲ ಓದಿದ್ಳ್ರೀ. ಆದ್ರ ಆಕಿಗೆ ಜಡಿ ಬ್ಯಾಡಂತ, ರೊಟ್ಟಿ ಬಡಿಯೂದು ಬೇಕಂತ.

ಓಟಿ ಮೇಡಂ: ಅಯ್ಯೋ, ಅದಕ್ಕಿಂತ ಒಳ್ಳೆ ಎರಡು ಕೈ ಕೆಲಸ ನಾನು ಹುಡುಕಿದ್ರೂ ಸಿಗ್ತಿರ್ಲಿಲ್ಲ ಸರ್. ಹಿಟ್ಟು ನಾದೋದ್ರಿಂದ ಶುರು ಮಾಡಿ, ಬಡಿಯೋದು ಆಮೇಲೆ. ಹಂಚಿನ ಹತ್ರ ಮಾತ್ರ ದೊಡ್ಡೋರು ಇರ್ಲಿ.

ಕಾಮೆಂಟ್: ಬೆಂಗಳೂರು

ಆಟಿಸಂ ಮಗು ನಿದ್ದೆ ಮಾಡಲ್ಲ, ತೂಕದ ಹೊದಿಕೆ ತಗೊಳ್ಳಿ ಅಂದ್ರು, ಆರು ಸಾವಿರ. ತಗೋಬಹುದಾ?

ಓಟಿ ಮೇಡಂ: 2014ರಲ್ಲಿ 67 ಆಟಿಸಂ ಮಕ್ಕಳ ಮೇಲೆ ಅದನ್ನ ಪರೀಕ್ಷೆ ಮಾಡಿದ್ರು. ಮಾಮೂಲಿ ಹೊದಿಕೆಗಿಂತ ನಿದ್ದೆ ಜಾಸ್ತಿ ಆಗ್ಲಿಲ್ಲ, ಆದ್ರೆ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಇಷ್ಟ ಆಯ್ತು. ಇಷ್ಟಕ್ಕೆ ಆರು ಸಾವಿರ ಕೊಡ್ಬೇಕಾ ನೀವೇ ನೋಡಿ. ನಿದ್ದೆಗೆ ಮೊದಲು ಮಕ್ಕಳ ಡಾಕ್ಟರ್‌ಗೆ ತೋರಿಸಿ.

ಕಾಮೆಂಟ್: ಬಿಓಟಿ (ಓಟಿ ಡಿಗ್ರಿ) ಮೂರನೇ ವರ್ಷ

ಮೇಡಂ ಹಾಗಾದ್ರೆ ನಾವು ಓದೋದ್ರಲ್ಲಿ ಅರ್ಧ ದಂಡನಾ 😅

ಓಟಿ ಮೇಡಂ: ದಂಡ ಅಲ್ಲಪ್ಪ. ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮತ್ತು ಇಂಗ್ರಿಡ್ ಹೋನನ್ 2019ರಲ್ಲಿ ಮಕ್ಕಳ ಓಟಿಯನ್ನೆಲ್ಲ ಟ್ರಾಫಿಕ್ ಸಿಗ್ನಲ್ ತರ ಹಸಿರು, ಹಳದಿ, ಕೆಂಪು ಅಂತ ಹಾಕಿದಾರೆ ನೋಡು. ಯಾವ ತೊಂದರೆಗೆ ಯಾವ ಥೆರಪಿ ಅಂತ 135 ಜೋಡಿ ತೂಗಿದ್ರು, ಹಸಿರು ಬಂದಿದ್ದು 40, ಪೂರ್ತಿ ಕೆಂಪು 6, ಮಿಕ್ಕಿದ್ದೆಲ್ಲ ಹಳದಿ. ಹಳದಿ ಅಂದ್ರೆ ಮಾಡ್ಬೇಡ ಅಂತಲ್ಲ, ಮಾಡಿದ್ರೆ ಅಳತೆ ಇಟ್ಕೊಂಡು ಮಾಡು, ಅಳತೆ ಅಲ್ಲಾಡ್ಲಿಲ್ಲ ಅಂದ್ರೆ ನಿಲ್ಲಿಸು. ನಮ್ಮಲ್ಲಿ ಎಡವಟ್ಟಾಗೋದು ಈ ನಿಲ್ಲಿಸೋ ಜಾಗದಲ್ಲೇ.

ಕಾಮೆಂಟ್: ರಾಯಚೂರು ಕಡೆಯವರು

ಇಷ್ಟೆಲ್ಲ ದುಡ್ಡು ಎಲ್ಲಿಂದ ತರೋಣ ಮೇಡಂ, ನಮ್ಮೂರಾಗ ಓಟಿನೇ ಇಲ್ಲ.

ಓಟಿ ಮೇಡಂ: ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆ ತೊಂದರೆ ಬೇಗ ಪತ್ತೆ ಹಚ್ಚಿ ನೋಡೋ ಕೇಂದ್ರ) ಎಲ್ಲಿದೆ ಅಂತ ಕೇಳಿ, ಮಕ್ಕಳ ಆರೋಗ್ಯ ತಪಾಸಣೆಗೆ ಅಂತ 2013ರಿಂದ ಇರೋ ಆರ್‌ಬಿಎಸ್‌ಕೆ ಯೋಜನೆಯಲ್ಲಿ 18 ವರ್ಷದವರೆಗಿನ ಮಕ್ಕಳನ್ನ ಉಚಿತವಾಗಿ ನೋಡ್ಬೇಕು. ಆಟಿಸಂ, ಸಿಪಿ, ಬುದ್ಧಿಮಾಂದ್ಯ, ಬಹುವಿಕಲತೆ ಇದ್ರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷದವರೆಗೆ ಇದೆ, ಥೆರಪಿ ಖರ್ಚೂ ಬರತ್ತೆ. ದೂರ ಇದ್ದೋರು ತಿಂಗಳಿಗೆ ಒಂದು ಸಲ ಹೋಗಿ ಮನೇಲಿ ಏನ್ ಮಾಡ್ಬೇಕು ಅಂತ ಕಲಿತು ಬಂದ್ರೂ ಆಗತ್ತೆ, ಅಪ್ಪ ಅಮ್ಮನಿಗೆ ಕಲಿಸಿ ಮಾಡಿಸೋದೂ ಹಸಿರು ಪಟ್ಟಿಯಲ್ಲೇ ಇದೆ.

ತುಮಕೂರು ಅಮ್ಮ (ಮತ್ತೆ): ಮೇಡಂ, ನಿನ್ನೆ ಅವನನ್ನ ಕೇಳ್ದೆ. ಬರವಣಿಗೆ ಅಂತಾನೆ ಅನ್ಕೊಂಡಿದ್ದೆ. ಶೂ ಲೇಸ್ ಅಂದ! ಪಿಟಿ ಟೈಮಲ್ಲಿ ಬಿಚ್ಚೋಗತ್ತಂತೆ, ಅದಕ್ಕೆ ಔಟ್‌ಫೀಲ್ಡಲ್ಲೇ ನಿಲ್ಲಿಸ್ತಾರಂತೆ. ನಂಗೆ ಇದುವರೆಗೂ ಗೊತ್ತೇ ಇರ್ಲಿಲ್ಲ. ಬರೆಯೋದು ಆಮೇಲೆ ನೋಡೋಣ ಅಂತೀರಾ?

ಓಟಿ ಮೇಡಂ: ಲೇಸ್‌ನಿಂದಲೇ ಶುರು ಮಾಡಿ, ಬರೆಯೋದು ದಿನಾ ಹತ್ತು ನಿಮಿಷ ಪಕ್ಕದಲ್ಲಿ ನಡೀತಿರ್ಲಿ. ಎರಡು ಬಣ್ಣದ ಲೇಸ್ ತಗೊಂಡು ಅರ್ಧರ್ಧ ಕತ್ತರಿಸಿ ಗಂಟು ಹಾಕಿ ಒಂದು ಮಾಡಿ, ಎಡಕ್ಕೊಂದು ಬಣ್ಣ ಬಲಕ್ಕೊಂದು ಬಣ್ಣ ಬರತ್ತೆ, ಯಾವುದು ಯಾವುದರ ಮೇಲೆ ಹೋಗ್ಬೇಕು ಅಂತ ಅವನೇ ಹೇಳ್ಲಿ. ಶೂನ ಮೊದಲು ಮಡಿಲಲ್ಲಿ ಇಟ್ಕೊಂಡು ಕಟ್ಲಿ, ಕಾಲಿಗೆ ಹಾಕ್ಕೊಂಡು ಕಟ್ಟೋದು ಆಮೇಲೆ. ಇವತ್ತು ಹತ್ತಕ್ಕೆ ಎಷ್ಟು ಅಂತ ಅವನ ಕೈಲೇ ಮಾರ್ಕ್ಸ್ ಹಾಕಿಸಿ ಕ್ಯಾಲೆಂಡರ್ ಮೇಲೆ ಬರೆದಿಡಿ.

ತುಮಕೂರು ಅಮ್ಮ: ಎರಡು ಕೊಟ್ಕೊಂಡ ಮೇಡಂ. ಕ್ಯಾಲೆಂಡರ್ ಮೇಲೆ ಅವನೇ ಬರೆದ.